ಕಲ್ಲು ಬೀಳದ ಮೂಲೆ

ಮಾಮನ ಹಣೆಯ ಎಡಭಾಗದಲ್ಲಿ, ಹುಬ್ಬಿನಿಂದ ಕೂದಲಿನವರೆಗೆ ಒಂದು ನೀಲಿ ಗೀರು ಇತ್ತು. ಹೊಸಬರು ಅದನ್ನು ಹಚ್ಚೆ ಎಂದುಕೊಳ್ಳುತ್ತಿದ್ದರು. ಗಣಿಯೊಳಗೆ ಕಲ್ಲು ಸಿಡಿದು ಚರ್ಮ ಸೀಳಿದಾಗ ಗಾಯಕ್ಕೆ ಸೇರಿಕೊಂಡ ಕಲ್ಲಿನ ಪುಡಿ ಅದು. ಗಾಯ ಮಾಗಿದರೂ ಪುಡಿ ಒಳಗೇ ಉಳಿದು ನೀಲಿಯಾಗಿ ಕಾಣುತ್ತಿತ್ತು. ಕೆಜಿಎಫ್‌ನಲ್ಲಿ ಅಂಥ ಗೀರು ಎಷ್ಟೋ ಜನರಿಗಿದ್ದುದರಿಂದ ಅದನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ. ಬಂಗಾರಪೇಟೆಗೆ ಬಸ್ಸಿನಲ್ಲಿ ಬಂದಿಳಿಯುವ ಹಳ್ಳಿಯ ಹುಡುಗರು ಮಾತ್ರ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಮಾಮನಿಗೆ ಕೋಪ ಬರುತ್ತಿರಲಿಲ್ಲ. "ನನ್ ಮೊಕದಾಗೆ ಏನೂ ಓಡಲ್ಲ ಕಣ್ರಲಾ, ಆಟ ಆ ಕಡೆ ಐತೆ" ಎಂದು ಟಿವಿಯ ಕಡೆ ಕೈ ತೋರಿಸುತ್ತಿದ್ದರು.

ಎಲ್ಲರಿಗೂ ಅವರು ಗೇಮ್ ಮಾಮ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವರದು ವಿಡಿಯೋ ಗೇಮ್ ಅಂಗಡಿ. ಪಕ್ಕದ್ದು ನನ್ನ ಬ್ಲೌಸ್ ಹೊಲಿಯುವ ಅಂಗಡಿ. ಎರಡಕ್ಕೂ ನಡುವೆ ಇದ್ದದ್ದು ಒಂದು ಹಲಗೆ ಗೋಡೆ. ಕಾಮಸಮುದ್ರದಿಂದ ದಿನವೂ ಬಸ್ಸಿನಲ್ಲಿ ಬಂದು ಬೀಗ ತೆಗೆಯುತ್ತಿದ್ದ ನನಗೆ ಆಗ ಮೂವತ್ತು ದಾಟಿರಲಿಲ್ಲ. ನಾಲಿಗೆ ಮಾತ್ರ ಚೂಪು. ನಾನು ಅಂಗಡಿ ಹಾಕಿದ ಮೊದಲ ವಾರವೇ, ಆ ಕೀಂ ಕೀಂ ಸದ್ದು ತಡೆಯಲಾರದೆ, ಕೈಯಲ್ಲಿದ್ದ ಅಳತೆ ಟೇಪನ್ನೂ ಕೆಳಗಿಡದೆ ಜಗಳಕ್ಕೆಂದೇ ಅಲ್ಲಿಗೆ ನುಗ್ಗಿದೆ.

ಒಳಗೆ ಮರದ ದೊಡ್ಡ ಪೆಟ್ಟಿಗೆಯಂಥ ಮೆಷಿನ್ನಿನ ಮುಂದೆ ಮಾಮ ನಿಂತಿದ್ದರು. ಪಕ್ಕದಲ್ಲಿ ಸ್ಟೂಲಿನ ಮೇಲೆ, ಸೆರಗನ್ನು ಸೊಂಟಕ್ಕೆ ಬಿಗಿದು, ಅವರ ಹೆಂಡತಿ ಕುಳಿತಿದ್ದರು. ಇಬ್ಬರ ಕೈಯಲ್ಲೂ ಆಟದ ಹಿಡಿ, ಜಾಯ್‌ಸ್ಟಿಕ್ಕು. ಆಕೆಯ ಮುಖದಲ್ಲಿ ಹಾಲು ಉಕ್ಕದಂತೆ ಕಾಯುವವರ ಗಂಭೀರತೆ. ನನ್ನನ್ನು ಕಂಡು, "ಒಂದ್ ನಿಮ್ಷ ಇರಮ್ಮ, ಇವ್ರು ಮ್ಯಾಕೆ ಬರ್ಲಿ" ಎಂದರು. ಜಗಳ ಆಡಲು ಬಂದವಳು ನಿಂತು ನೋಡಿದೆ. ಆಮೇಲೆ ಕಾಫಿ ಕೊಟ್ಟರು, ಕುಡಿದೆ. ಅಂದಿನಿಂದ ಆಕೆ ನನಗೆ ಅತ್ತೆ.

ಆ ಆಟಕ್ಕೆ ಇಂಗ್ಲಿಷಿನಲ್ಲಿ ಏನೋ ಒಂದು ಹೆಸರಿತ್ತು. ನಾವೆಲ್ಲ ಸುರಂಗದ ಆಟ ಎನ್ನುತ್ತಿದ್ದೆವು. ಇಬ್ಬರು ಪುಟ್ಟ ಮನುಷ್ಯರು ನೆಲ ತೋಡುತ್ತ ಇಳಿದು, ಚಿನ್ನದ ಗಟ್ಟಿಗಳನ್ನು ಹೆಕ್ಕಿ ಮೇಲೆ ತರಬೇಕು. ಮೇಲಿಂದ ಕಲ್ಲು ಬೀಳುತ್ತಲೇ ಇರುತ್ತದೆ, ತಲೆಗೆ ಬಿದ್ದರೆ ಮನುಷ್ಯ ಸತ್ತ. ಕೆಜಿಎಫ್‌ನಿಂದ ಮಾಮನ ಹಳೆಯ ಜೊತೆಗಾರರು ಯಾರಾದರೂ ಬಂದರೆ ಇದನ್ನು ನೋಡಿ ಬಿದ್ದು ಬಿದ್ದು ನಗುತ್ತಿದ್ದರು. ಮರದ ಆಸರೆ ಕೊಡದೆ ಯಾವ ಗಣಿಯಲ್ಲಿ ತೋಡುತ್ತಾರೆ ಎಂದು ಅವರ ತಕರಾರು.

ಆಟದಲ್ಲಿ ಒಂದು ಐಬು ಇತ್ತು. ಪರದೆಯ ಬಲಗಡೆ ತಳದ ಮೂಲೆಯಲ್ಲಿ ಹೋಗಿ ನಿಂತರೆ ಕಲ್ಲು ತಲೆಯ ಮೇಲೆ ಬಿದ್ದರೂ ಏನೂ ಆಗುತ್ತಿರಲಿಲ್ಲ, ಮೈಯೊಳಗಿಂದ ಹಾದು ಮಾಯವಾಗುತ್ತಿತ್ತು. ಮಾಡಿದವರ ಕೈತಪ್ಪು ಇರಬೇಕು. ಅದನ್ನು ಕಂಡುಹಿಡಿದವರು ಅತ್ತೆ. ಆಟ ಶುರುವಾದೊಡನೆ ತಮ್ಮ ಮನುಷ್ಯನನ್ನು ನೇರ ಆ ಮೂಲೆಗೆ ನಡೆಸಿ, "ಓಗ್ಬನ್ನಿ, ನಾನಿಲ್ಲೇ ಇರ್ತೀನಿ" ಎನ್ನುತ್ತಿದ್ದರು. ಮಾಮ ಒಬ್ಬರೇ ಅಲೆದಾಡಿ ಚಿನ್ನ ಹೆಕ್ಕುತ್ತಿದ್ದರು. ಕಲ್ಲು ಜೋರಾದರೆ ಅತ್ತೆಗೆ ತಡೆಯುತ್ತಿರಲಿಲ್ಲ. "ನೀವೂ ಬನ್ನಿ ಈ ಮೂಲೇಗೆ, ಇಬ್ರಿಗೂ ಜಾಗ ಐತೆ" ಎಂದು ಗದರುತ್ತಿದ್ದರು. "ನಾನೂ ಬಂದ್ರೆ ಚಿನ್ನ ಯಾರು ತತ್ತಾರೆ?" ಎಂದು ಮಾಮ ನಗುತ್ತಿದ್ದರು. ದಿನವೂ ಇದೇ ಮಾತು, ಇದೇ ನಗು. ನನಗೆ ಹಲಗೆಯಾಚೆಯಿಂದ ಕೇಳಿ ಕೇಳಿ ಬಾಯಿಪಾಠವಾಗಿತ್ತು.

ಇದರ ಹಿಂದೆ ಏನಿತ್ತೆಂದು ಒಂದು ದಿನ ಅತ್ತೆಯೇ ಹೇಳಿದರು. ಊರಿಗಾಂ ಗಣಿ ಕೆಲಸದವರ ಲೈನು ಮನೆಯಲ್ಲಿ ಅವರ ಸಂಸಾರವಿದ್ದ ಕಾಲ. ಒಂದು ಬೆಳಿಗ್ಗೆ ನೆಲ ನಡುಗಿ ಗೂಡಿನ ಪಾತ್ರೆಗಳೆಲ್ಲ ಕೆಳಕ್ಕೆ ಬಿದ್ದವಂತೆ. ಗಣಿಯೊಳಗೆ ಬಂಡೆ ಸಿಡಿದಿದೆ ಎಂದು ಎಲ್ಲ ಹೆಂಗಸರೂ ಗಣಿಗೆ ಇಳಿಯುವ ಶಾಫ್ಟಿನ ಗೇಟಿಗೆ ಓಡಿದರು. ಅತ್ತೆ ಗೇಟಿನ ಪಕ್ಕದ ಗೋಡೆ ಮೂಲೆಯಲ್ಲಿ ನಿಂತರು. ಯಾರು ಕರೆದರೂ ಕೂರಲಿಲ್ಲ, ನೀರು ಕುಡಿಯಲಿಲ್ಲ. ಆ ಜಾಗ ಬಿಟ್ಟರೆ ಗಂಡ ಬರುವುದಿಲ್ಲ ಎಂದು ಮನಸ್ಸಿಗೆ ಬಂದುಬಿಟ್ಟಿತ್ತಂತೆ. ಸಂಜೆ ಹೊತ್ತಿಗೆ ಹಣೆಯಿಂದ ರಕ್ತ ಸುರಿಯುತ್ತ ಮಾಮ ಮೇಲೆ ಬಂದರು. ಅವರ ಜೊತೆ ಇಳಿದ ಕೆಲವರು ಬರಲಿಲ್ಲ. ಆಮೇಲೂ ಮಾಮ ವರ್ಷಗಟ್ಟಲೆ ಅದೇ ಗಣಿಗೆ ಇಳಿದರು. ಕೆಮ್ಮು ಹತ್ತಿದ ಮೇಲೆ ಅತ್ತೆ ಹಟ ಹಿಡಿದು ಕೆಲಸ ಬಿಡಿಸಿದರು. ಕೈಗೆ ಬಂದ ಹಣದಲ್ಲಿ ಈ ಅಂಗಡಿ ಹಾಕಿದರು. ಮಕ್ಕಳಿರಲಿಲ್ಲ. "ಈ ಆಟದಾಗಾದ್ರೆ ಕಲ್ಲು ಬಿದ್ರೂ ಇನ್ನೊಂದ್ ಸಲ ಬದುಕ್ಬೋದು ನೋಡು" ಎಂದು ಅತ್ತೆ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ.

ಬದುಕಲಿಲ್ಲ, ಅತ್ತೆ. ಕಾಮಾಲೆ ಬಂದು ಹಳ್ಳಿ ಮದ್ದು, ಆಸ್ಪತ್ರೆ ಎಂದು ಅಲೆಯುವಷ್ಟರಲ್ಲಿ ಹೋಗಿಬಿಟ್ಟರು.

ಹದಿನೈದು ದಿನದ ನಂತರ ಮಾಮ ಅಂಗಡಿ ತೆರೆದರು. ಬಾಗಿಲು ತೆಗೆದವರು ಮೊದಲು ದೇವರ ಪಟಕ್ಕೆ ಊದುಬತ್ತಿ ಹಚ್ಚಿದರು. ಆಮೇಲೆ ಮೆಷಿನ್ನಿನ ಮುಂದೆ ನಿಂತು, ಅತ್ತೆಯ ಹಿಡಿಯನ್ನು ತಾವೇ ಹಿಡಿದು, ಆಕೆಯ ಮನುಷ್ಯನನ್ನು ಆ ಮೂಲೆಗೆ ಮುಟ್ಟಿಸಿದರು. ಅನಂತರ ತಮ್ಮ ಹಿಡಿ ಹಿಡಿದು ಚಿನ್ನ ತರಲು ಹೋದರು. ಗಿರಾಕಿ ಬರುವ ಮೊದಲು ದಿನವೂ ಒಂದು ಆಟ ಹೀಗೆ ನಡೆಯಿತು. ನಾನು ಆ ಹೊತ್ತಿನಲ್ಲಿ ಹೊಲಿಗೆ ಮೆಷಿನ್ ತುಳಿಯುತ್ತಿರಲಿಲ್ಲ.

ಒಂದು ಮಳೆಗಾಲದಲ್ಲಿ ಸಿಡಿಲು ಹೊಡೆದು ಓಣಿಯ ಬಲ್ಬುಗಳೆಲ್ಲ ಸುಟ್ಟುಹೋದವು. ಸುರಂಗದ ಆಟದ ಮೆಷಿನ್ನೂ ಸತ್ತಿತು. ಬೆಂಗಳೂರಿನಿಂದ ಬಂದ ರಿಪೇರಿಯವನು ಬೋರ್ಡು ಬಿಚ್ಚಿ ನೋಡಿ, ಆಟ ತುಂಬಿಟ್ಟಿದ್ದ ಚಿಪ್ಪೇ ಸುಟ್ಟುಹೋಗಿದೆ, ಇದು ಇನ್ನು ಸಿಗುವುದಿಲ್ಲ ಎಂದ. ಮಾಮ ಆ ಪೆಟ್ಟಿಗೆಯನ್ನು ಗುಜರಿಗೆ ಕೊಡಲಿಲ್ಲ. ಗೋಡೆಗೆ ತಿರುಗಿಸಿ ಇಟ್ಟು ಅದರ ಮೇಲೆ ನೀರಿನ ಬಿಂದಿಗೆ ಇಟ್ಟುಕೊಂಡರು.

ಅಷ್ಟರಲ್ಲಿ ಟಿವಿಗೆ ಹಾಕುವ ಗೇಮ್ ಕ್ಯಾಸೆಟ್ಟುಗಳು ಬಂದಿದ್ದವು. ಮದ್ರಾಸಿನಿಂದ ರೈಲಿನಲ್ಲಿ ಒಬ್ಬ ಏಜೆಂಟ ಚೀಲ ತುಂಬ ತರುತ್ತಿದ್ದ. ಹಳೆಯ ಆಟಗಳೇ ಮತ್ತೆ ಮತ್ತೆ ಬೇರೆ ಬೇರೆ ವೇಷದಲ್ಲಿ ಬರುತ್ತವೆಂದು ನನಗೆ ತಿಳಿದದ್ದು ಆಗ. ಮಾಮ ಪ್ರತಿಯೊಂದನ್ನೂ ತಾವು ಮೊದಲು ಆಡಿ ನೋಡಿ, ಹುಡುಗರಿಗೆ ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತಿದ್ದರು. "ಒಸಾ ಗೇಮ್ ಬಂತಾ ಮಾಮ?" ಎಂದರೆ, "ಬಂತು. ಓದ್ ವರ್ಸದ್ದೇ, ಬಣ್ಣ ಬಳ್ದವ್ರೆ" ಎನ್ನುವರು. ಇನ್ನೊಂದಕ್ಕೆ, "ಇದು ಅದೇ ಆಟ ಕಣ್ಲಾ, ಎಲ್ಲಾ ಕಿತ್ತು ಮೊದಲಿಂದ ಕಟ್ಟವ್ರೆ." ಮತ್ತೊಂದಕ್ಕೆ, "ಎಸ್ರು ಮಾತ್ರ ಅದು, ಒಳ್ಗೆ ಬ್ಯಾರೆ." ಹೀಗೆ ಹೇಳಿದರೆ ವ್ಯಾಪಾರ ನಡೆಯುತ್ತದೆಯೇ ಎಂದು ನಾನು ರೇಗಿದರೆ, ಕೆಜಿಎಫ್ ದಿಕ್ಕಿಗೆ ಕೈ ಮಾಡುತ್ತಿದ್ದರು. "ಆ ಸೈನೈಡ್ ದಿಬ್ಬ ನೋಡಿದ್ದೀಯಲ್ಲ? ನಮ್ಮಪ್ಪನ ಕಾಲ್ದಾಗೆ ಸೋಸಿ ಬಿಸಾಕಿದ ಮಣ್ಣು. ಅದ್ನೇ ಮತ್ತೆ ಸೋಸ್ತಾರೆ, ಇನ್ನೂ ಒಂಚೂರು ಚಿನ್ನ ಸಿಕ್ತೈತೆ. ತಪ್ಪೇನಿಲ್ಲ. ಒಸಾ ಗಣಿ ಅಂತ ಸುಳ್ಳು ಏಳಬಾರ್ದು ಅಷ್ಟೇ."

ಏಜೆಂಟ ಬಂದಾಗೆಲ್ಲ ಅವರು ಕೇಳುತ್ತಿದ್ದದ್ದು ಒಂದೇ, ಸುರಂಗದ ಆಟ ಬಂತಾ ಎಂದು. ಕೊನೆಗೆ ಬಂತು. ಮಿರಿಮಿರಿ ಮಿಂಚುವ ಡಬ್ಬಿಯಲ್ಲಿ, ಅಸಲಿ ಕಂಪನಿಯದೇ, ಹೊಸದಾಗಿ ಮಾಡಿದ್ದು. ಮಾಮ ಅಂದು ಗಿರಾಕಿಗಳನ್ನೆಲ್ಲ ಹೊರಗೆ ನಿಲ್ಲಿಸಿ ನನ್ನನ್ನು ಕೂಗಿ ಕರೆದರು. ಪುಟ್ಟ ಮನುಷ್ಯರಿಗೆ ಈಗ ಕಣ್ಣು ಮೂಗು ಬಂದಿತ್ತು. ತಲೆಯ ಮೇಲೆ ದೀಪದ ಟೋಪಿ, ಹಿಂದೆ ಸಂಗೀತ. ಚಿನ್ನ ನಿಜವಾಗಿ ಹೊಳೆಯುತ್ತಿತ್ತು. "ಎಷ್ಟ್ ಚೆನ್ನಾಗೈತೆ ನೋಡು" ಎಂದು ಮಗುವಿನ ಹಾಗೆ ನಕ್ಕರು. ಆಮೇಲೆ ಎರಡನೆಯ ಹಿಡಿ ತೆಗೆದುಕೊಂಡು ಅತ್ತೆಯ ಮನುಷ್ಯನನ್ನು ಬಲಗಡೆಯ ತಳದ ಮೂಲೆಗೆ ನಡೆಸಿದರು. ಕಲ್ಲು ಬಿತ್ತು. ಮನುಷ್ಯ ಸತ್ತ.

ಇನ್ನೊಮ್ಮೆ ನಡೆಸಿದರು. ಮತ್ತೆ ಸತ್ತ. ಮತ್ತೊಮ್ಮೆ ನಡೆಸಲು ಹೋದವರು ಕೈ ಹಿಂದಕ್ಕೆ ತೆಗೆದುಕೊಂಡರು.

"ಅಳೇದ್ರಲ್ಲಿ ಅದು ಮಿಸ್ಟೇಕು ಮಾಮ, ಕಂಪ್ನಿಯವ್ರು ಸರಿ ಮಾಡವ್ರೆ" ಎಂದ ಕ್ಯಾಸೆಟ್ಟು ತಂದು ಅಲ್ಲೇ ನಿಂತಿದ್ದ ಏಜೆಂಟ.

"ಸರಿ ಮಾಡು ಅಂತ ಯಾರು ಕೇಳಿದ್ರು?" ಎಂದರು ಮಾಮ. ಅವರ ದನಿ ಏರಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಏಜೆಂಟನಿಗೆ ಏನೂ ಅರ್ಥವಾಗಲಿಲ್ಲ. ನನಗೆ ಆಯಿತು. ನಮ್ಮ ಕಸುಬಿನಲ್ಲಿ ಹೆಂಗಸರು ಹೊಸ ಬಟ್ಟೆಯ ಜೊತೆ ಒಂದು ಹಳೆಯ ಅಳತೆ ಬ್ಲೌಸ್ ತಂದುಕೊಡುತ್ತಾರೆ. ಕೆಲವರದರಲ್ಲಿ ಒಂದು ಭುಜ ಗೇಣಿನಷ್ಟಲ್ಲದಿದ್ದರೂ ಬೆರಳಿನಷ್ಟು ಇಳಿದಿರುತ್ತದೆ. ಹೊಲಿದವರು ಸೊಟ್ಟ ಹೊಲಿದಿದ್ದಾರೆ ಎಂದು ನಾವು ಜಾಣತನದಿಂದ ನೇರ ಮಾಡಿ ಕೊಟ್ಟರೆ ಅದು ಆಕೆಯ ಮೈಗೆ ಕೂರುವುದಿಲ್ಲ. ಬಿಂದಿಗೆ ಹೊತ್ತು ಹೊತ್ತು ಇಳಿದ ಭುಜ ಅದು. ಅಂದಿನಿಂದ ಇಂದಿನವರೆಗೆ ಅಳತೆ ಬ್ಲೌಸಿನಲ್ಲಿ ಯಾವ ಸೊಟ್ಟ ಕಂಡರೂ ನಾನು ಮೊದಲು ಕೇಳುತ್ತೇನೆ, ಆಮೇಲೆ ಕತ್ತರಿ ಹಿಡಿಯುತ್ತೇನೆ. ಇದನ್ನು ನನಗೆ ಕಲಿಸಿದವರು ಸೂಜಿ ಹಿಡಿಯಲು ಬಾರದ ಮಾಮ.

ಆಮೇಲೆ ಅದೇ ಹೆಸರಿನ ಇನ್ನೊಂದು ಕ್ಯಾಸೆಟ್ಟು ಬಂತು. ಅದರಲ್ಲಿ ಕತೆ ಇತ್ತು, ರಾಕ್ಷಸರಿದ್ದರು, ಪರದೆ ಪಕ್ಕಕ್ಕೆ ಸರಿಯುತ್ತ ಹೋಗುತ್ತಿತ್ತು. ಮೂಲೆ ಎಂಬುದೇ ಇರಲಿಲ್ಲ. ಮಾಮ ಆಡಿ ಮುಗಿಸಿ ಎತ್ತಿಟ್ಟರು. ಏಜೆಂಟನನ್ನು ಕೇಳುವುದನ್ನೂ ಬಿಟ್ಟರು. ಕೆಮ್ಮು ಹೆಚ್ಚಾಯಿತು. ಒಂದು ಆಟ ಮುಗಿಸುವಷ್ಟರಲ್ಲಿ ಮೂರು ಸಲ ಹೊರಗೆ ಹೋಗಿ ಉಗುಳಿ ಬರುತ್ತಿದ್ದರು. ಗಣಿಯ ಸಿಡಿಮದ್ದಿಗೆ ಮೊದಲೇ ಮಂದವಾಗಿದ್ದ ಕಿವಿ ಪೂರ್ತಿ ಮಂದವಾಯಿತು.

ಹಾಗಿರುವಾಗ ಒಂದು ಮಧ್ಯಾಹ್ನ ಹಲಗೆಯಾಚೆ ಹುಡುಗರ ಕಿತ್ತಾಟ ಕೇಳಿಸಿತು. "ಇವ್ನು ಮೋಸ ಮಾಡ್ತಾನೆ ಮಾಮ! ಮೂಲೇಲಿ ನಿಂತ್ಕೊಂಡವ್ನೆ, ಕಲ್ಲು ಬಿದ್ರೂ ಸಾಯಲ್ಲ!" ಮಾಮನಿಗೆ ಕೇಳಿಸಿದಂತಿರಲಿಲ್ಲ. ನಾನು ಹೊಲಿಯುತ್ತಿದ್ದ ತೋಳನ್ನು ಹಾಗೇ ಬಿಟ್ಟು ಓಡಿದೆ.

ಅದೊಂದು ಕಳಪೆ ಕಾಪಿ ಕ್ಯಾಸೆಟ್ಟು. ಲೇಬಲ್ಲಿನ ಮೇಲೆ ಯಾರೋ ಪೈಲ್ವಾನನ ಚಿತ್ರ. ಒಳಗೆ ಹತ್ತಾರು ಆಟಗಳನ್ನು ತುರುಕಿದ್ದರು, ಎಲ್ಲಕ್ಕೂ ಸುಳ್ಳು ಹೆಸರು. ಮಾಮ ಅದನ್ನು ಪೂರ್ತಿ ಆಡಿಯೂ ನೋಡದೆ "ಕಸ" ಎಂದು ಹುಡುಗರಿಗೆ ಬಿಟ್ಟಿದ್ದರು. ಅದರಲ್ಲಿ ಪುಟ್ಟ ಮನುಷ್ಯರ ಜಾಗದಲ್ಲಿ ಎರಡು ಮೊಲ, ಚಿನ್ನದ ಜಾಗದಲ್ಲಿ ಮೂಲಂಗಿ. ನೆಲದ ಬಣ್ಣ ಕಣ್ಣು ಕುಕ್ಕುವ ನೇರಳೆ. ಕದ್ದು ಮಾಡಿದವರು ಮೇಲಿನ ಬೊಂಬೆಗಳನ್ನು ಬದಲಾಯಿಸಿದ್ದರೇ ಹೊರತು ಒಳಗಿನ ಆಟವನ್ನು ಮುಟ್ಟಿರಲಿಲ್ಲ. ತಿದ್ದುವಷ್ಟು ಶ್ರದ್ಧೆ ಅವರಿಗೆಲ್ಲಿತ್ತು? ಬಲಗಡೆಯ ತಳದ ಮೂಲೆಯಲ್ಲಿ ಒಂದು ಮೊಲ ನಿಂತಿತ್ತು. ಕಲ್ಲು ಅದರ ಮೈಯೊಳಗಿಂದ ಹಾದು ಹೋಗುತ್ತಿತ್ತು.

ನಾನು ಮಾಮನ ತೋಳು ಹಿಡಿದು ಟಿವಿಯ ಮುಂದೆ ಎಳೆದುಕೊಂಡು ಬಂದೆ. ನೋಡಿದರು. ಹುಡುಗನ ಕೈಯಿಂದ ಹಿಡಿ ತೆಗೆದು ನನಗೆ ಕೊಟ್ಟರು. "ನೀನೇನೂ ಮಾಡ್ಬ್ಯಾಡ ಕಣಮ್ಮ, ಅಲ್ಲೇ ನಿಂತಿರು ಸಾಕು" ಎಂದು ತಾವು ಇನ್ನೊಂದನ್ನು ಹಿಡಿದರು. ಮೂಲಂಗಿ ಹೆಕ್ಕುತ್ತ, ಕಲ್ಲು ತಪ್ಪಿಸುತ್ತ ಆ ನೇರಳೆ ನೆಲದಲ್ಲಿ ಮೇಲೂ ಕೆಳಗೂ ಓಡಾಡಿದರು. ಕಣ್ಣಿನಿಂದ ನೀರು ಸುರಿಯುತ್ತಿತ್ತು. ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ. "ಐತೆ" ಎಂದರು ಕೊನೆಗೆ. "ಮೊಲ ಆದ್ರೇನು. ಮೂಲೆ ಐತೆ."

ಆ ವರ್ಷ ಕಳೆಯುವಷ್ಟರಲ್ಲಿ ಅವರಿಂದ ಅಂಗಡಿ ತೆರೆಯಲು ಆಗದಾಯಿತು. ಬೇತಮಂಗಲದಲ್ಲಿದ್ದ ತಂಗಿ ಬಂದು ಕರೆದುಕೊಂಡು ಹೋದಳು. ಟಿವಿ, ಅದಕ್ಕೆ ಜೋಡಿಸುವ ಆಟದ ಪೆಟ್ಟಿಗೆ, ಪೈಲ್ವಾನನ ಕ್ಯಾಸೆಟ್ಟು ಜೊತೆಗೆ ಹೋದವು. ಮಿಕ್ಕದ್ದನ್ನೆಲ್ಲ ಏಜೆಂಟ ತೆಗೆದುಕೊಂಡ.

ಒಂದು ಭಾನುವಾರ ಅವರನ್ನು ನೋಡಲು ಬಸ್ಸು ಹಿಡಿದೆ. ಕೆರೆಯ ಕಡೆಯ ಕಿಟಕಿಯ ಪಕ್ಕ, ದಿಂಬುಗಳಿಗೆ ಒರಗಿ ಕುಳಿತಿದ್ದರು. ಮಲಗಿದರೆ ಉಸಿರು ಕಟ್ಟುತ್ತಿತ್ತಂತೆ. ಮೈ ಇಳಿದುಹೋಗಿ ಹಣೆಯ ಗೀರು ಇನ್ನೂ ನೀಲಿಯಾಗಿ ಕಾಣುತ್ತಿತ್ತು. ಮಾತು ಕಡಿಮೆಯಾಗಿತ್ತು. ಟಿವಿಯ ಕಡೆ ಕಣ್ಣು ಮಾಡಿದರು, ಹಚ್ಚಿದೆ. ಎರಡೂ ಹಿಡಿಗಳನ್ನು ತಮ್ಮ ಮಡಿಲಿಗೇ ಇಟ್ಟುಕೊಂಡರು. ಮೊದಲು ಅತ್ತೆಯ ಮೊಲವನ್ನು ಮೂಲೆಗೆ ನಡೆಸಿದರು. ಅದರ ಪಕ್ಕದಲ್ಲೇ ಒಂದು ಮೂಲಂಗಿ ಇತ್ತು, ಮೇಲೆ ಇನ್ನೂ ಎಷ್ಟೋ ಇದ್ದವು. ಅವರು ಅವನ್ನು ನೋಡಲಿಲ್ಲ. ತಮ್ಮ ಮೊಲವನ್ನೂ ಮೆಲ್ಲನೆ, ಕಲ್ಲು ತಪ್ಪಿಸಿ ತಪ್ಪಿಸಿ, ಕೆಳಗಿಳಿಸಿ ಅದೇ ಮೂಲೆಗೆ ತಂದು ನಿಲ್ಲಿಸಿದರು. ಅಷ್ಟು ವರ್ಷದಲ್ಲಿ ಅವರು ಹಾಗೆ ಮಾಡಿದ್ದನ್ನು ನಾನು ಕಂಡಿರಲಿಲ್ಲ.

ಇಬ್ಬರಿಗೂ ಜಾಗವಿತ್ತು. ಅತ್ತೆ ಹೇಳಿದ್ದು ನಿಜ.

ಹಿಡಿಗಳನ್ನು ಮಂಚದ ಮೇಲಿಟ್ಟು ದಿಂಬಿಗೆ ತಲೆ ಆನಿಸಿದರು. ಪರದೆಯ ಮೇಲೆ ಕಲ್ಲು ಬೀಳುತ್ತಲೇ ಇತ್ತು. ಬಸ್ಸಿನ ಹೊತ್ತಾಗಿ ನಾನು ಎದ್ದೆ. "ಟಿವಿ ಆರಿಸ್ಲಾ ಮಾಮ?" ಎಂದು ಕಿವಿಯ ಹತ್ತಿರ ಬಾಗಿ ಕೇಳಿದೆ.

"ಬ್ಯಾಡ, ಇರ್ಲಿ" ಎಂದರು. "ನೀನ್ ಓಗ್ಬಾಮ್ಮ. ನಾವಿಲ್ಲೇ ಇರ್ತೀವಿ."

ಅದೇ ವಾರ ಅವರು ಹೋದ ಸುದ್ದಿ ಬಂತು.