ವೈರ್ ಬುಟ್ಟಿ ಮತ್ತು ಸಾಧು ಮೀನುಗಳು

ನಮ್ಮ ಮನೆಯ ಮೀನಿನ ತೊಟ್ಟಿಯ ಪಕ್ಕದ ಗೋಡೆಯಲ್ಲಿ ಒಂದು ಮೊಳೆ ಇದೆ, ಆ ಮೊಳೆಗೆ ಒಂದು ವೈರ್ ಬುಟ್ಟಿ ತೂಗುಬಿದ್ದಿದೆ. ಹಸಿರು ಬಿಳಿ ಪ್ಲಾಸ್ಟಿಕ್ ವೈರನ್ನು ಚೌಕುಳಿ ಬರುವಂತೆ ಹೆಣೆದದ್ದು. ಒಂದು ಕಾಲಕ್ಕೆ ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ಬಸ್ಸಿನಲ್ಲಿ ಹೆಂಗಸರ ಕಾಲಬುಡದಲ್ಲೆಲ್ಲ ಕೂತಿರುತ್ತಿದ್ದ ಅಂಥದೇ ಬುಟ್ಟಿ. ಈಗ ಅದರೊಳಗೆ ಮೀನಿನ ಆಹಾರದ ಡಬ್ಬಿ, ಒಂದು ಪುಟ್ಟ ಬಲೆ, ತಳದ ಕಸವನ್ನು ಹೀರಿ ತೆಗೆಯುವ ಪೈಪು, ಗಾಜು ಉಜ್ಜುವ ಸ್ಪಂಜು ಇವೆ. ಮನೆಗೆ ಬಂದವರು ತೊಟ್ಟಿಯನ್ನು ಹೊಗಳಿ, ಬುಟ್ಟಿಯತ್ತ ನೋಡಿ, ಇಷ್ಟು ಚೆಂದದ ಗಾಜಿನ ಪಕ್ಕ ಈ ಸವೆದ ಬುಟ್ಟಿ ಯಾಕೆ ಎಂದು ಕೇಳುವುದುಂಟು. ನಾನು ನಕ್ಕು ಕಾಫಿಗೆ ಒಳಗೆ ಹೋಗುತ್ತೇನೆ. ನಿಮಗೆ ಮಾತ್ರ ಹೇಳುತ್ತೇನೆ, ಏಕೆಂದರೆ ನೀವು ಓದಲೆಂದೇ ಕೂತವರು, ನಿಮಗೆ ಸ್ವಲ್ಪ ಬಿಡುವಿರಬೇಕು.

ಅದು ನಮ್ಮವ್ವನ ಬುಟ್ಟಿ. ನಾನು ಒಬ್ಬಳೇ ಮಗಳು. ತೊಂಬತ್ತರ ದಶಕದ ನಡುವಿನಲ್ಲಿ ಅಪ್ಪ ತೀರಿಕೊಂಡ ಮೇಲೆ ಅವ್ವ ತಿ. ನರಸೀಪುರದ ಬಾಡಿಗೆ ಮನೆಯನ್ನು ಬಿಟ್ಟು, ಪಾತ್ರೆಪಡಗವನ್ನು ಬೇಕಾದವರಿಗೆ ಹಂಚಿ, ಈ ಬುಟ್ಟಿಯೊಂದನ್ನು ಹಿಡಿದು ನಂಜನಗೂಡಿನ ನಮ್ಮ ಮನೆಯ ಬಾಗಿಲಿಗೆ ಬಂದಳು. ಅದರಲ್ಲಿ ಎರಡು ಸೀರೆ, ಒಂದು ವಿಭೂತಿ ಗಟ್ಟಿ, ಟವೆಲಿನಲ್ಲಿ ಸುತ್ತಿದ ಅಪ್ಪನ ಫೋಟೋ. "ನಾಕ್ ದಿನ ಇದ್ದು ನನ್ ತಮ್ಮನ್ ಮನೆಗೆ ಓಯ್ತೀನಿ ಕಣವ್ವ" ಎಂದಳು. ಮಗಳ ಮನೆಯಲ್ಲಿ ತಾಯಿ ಬೇರೂರಬಾರದೆಂಬುದು ನಮ್ಮ ಕಡೆಯ ಹೆಂಗಸರು ಯಾರೂ ಹೇಳಿಕೊಡದೆ ಕಲಿತುಕೊಂಡಿರುವ ಪಾಠ. ಹಾಗಾಗಿ ನಾಲ್ಕು ದಿನ ನಾಲ್ಕು ತಿಂಗಳಾದರೂ ಬುಟ್ಟಿ ಬಿಚ್ಚಲಿಲ್ಲ. ಬಾಗಿಲ ಪಕ್ಕದ ಬೆಂಚಿನ ಕೆಳಗೆ ಅದು ಹೊರಟುನಿಂತೇ ಇರುತ್ತಿತ್ತು. ಬೆಳಿಗ್ಗೆ ಸ್ನಾನವಾದ ಮೇಲೆ ಅವ್ವ ಅಪ್ಪನ ಫೋಟೋವನ್ನು ಟವೆಲಿನಿಂದ ಬಿಡಿಸಿ ಕಿಟಕಿಯ ಮೇಲೆ ನಿಲ್ಲಿಸಿ, ಗಾಜಿಗೆ ವಿಭೂತಿ ಹಚ್ಚಿ, ಕೈಮುಗಿದು, ಮತ್ತೆ ಸುತ್ತಿ ಬುಟ್ಟಿಗೆ ಇಡುತ್ತಿದ್ದಳು. ಗೋಡೆಗೆ ಹಾಕೋಣ ಎಂದರೆ, "ಬೀಗ್ರು ಮನೆ ಗ್ವಾಡೆಗೆ ನಮ್ಮೋರ್ ಪಟ ಆಕಕ್ಕಾಯ್ತದಾ?" ಎಂದು ನನ್ನ ಬಾಯನ್ನೇ ಮುಚ್ಚಿಸುತ್ತಿದ್ದಳು. ಬದುಕಿದ್ದಷ್ಟು ದಿನ ಯಾರ ಹಂಗಿಗೂ ಬೀಳದ ಅಪ್ಪ ಹೀಗೆ ಬೆಂಚಿನ ಕೆಳಗೆ ಮಲಗಿರುತ್ತಿದ್ದ.

ಅವ್ವ ನನ್ನಲ್ಲೇ ಉಳಿಯಬೇಕೆಂಬುದು ನನ್ನ ಆಸೆ. ಬಿಳಿಗೆರೆಯ ಸೋದರಮಾವನ ಮನೆಯಲ್ಲಿ ಆಗಲೇ ಮನೆ ತುಂಬ ಜನ. ಅಲ್ಲಿ ಅವಳು ಅಡುಗೆಮನೆಯ ಮೂಲೆಯಲ್ಲಿ ಚಾಪೆ ಹಾಸಿಕೊಂಡು ಎಲ್ಲರಿಗಿಂತ ಕೊನೆಗೆ ಉಣ್ಣುವವಳಾಗುತ್ತಾಳೆಂದು ನನಗೆ ಗೊತ್ತಿತ್ತು. ಆದರೆ ಉಳಿಸಿಕೊಳ್ಳುವುದು ನನ್ನ ಕೈಯಲ್ಲೂ ಇರಲಿಲ್ಲ, ನಮ್ಮನೆಯವರ ಕೈಯಲ್ಲೂ ಇರಲಿಲ್ಲ. ಅದು ನಮ್ಮತ್ತೆಯ ಬಾಯಲ್ಲಿತ್ತು. ಹೆಡತಲೆಯಲ್ಲಿ ಹುಟ್ಟಿ, ನಂಜನಗೂಡಿನಲ್ಲಿ ಸಂಸಾರ ಕಟ್ಟಿದ ಅತ್ತೆ ಮನೆಯ ಯಜಮಾನಿ. ಕೆಟ್ಟವರಲ್ಲ. ಬೀಗಿತ್ತಿಗೆ ಹೋಗಿ ಎಂದು ಒಂದು ದಿನವೂ ಅಂದವರಲ್ಲ, ಹಾಗೆಯೇ ಇರಿ ಎಂದೂ ಅನ್ನಲಿಲ್ಲ. ಆ ಎರಡಕ್ಷರ ಬೀಳದೆ ಅವ್ವನ ಬುಟ್ಟಿ ಬೆಂಚಿನ ಕೆಳಗಿಂದ ಮೇಲೇಳುವಂತಿರಲಿಲ್ಲ. ಇಬ್ಬರೂ ದಿನವೆಲ್ಲ ಒಂದೇ ಸೂರಿನಡಿ ಇದ್ದು, ಒಬ್ಬರು ನಡುಮನೆಯಲ್ಲಿದ್ದರೆ ಇನ್ನೊಬ್ಬರು ಹಿತ್ತಲಲ್ಲಿ, ಅತಿ ಮರ್ಯಾದೆಯಿಂದ ಮಾತೇ ಆಡದೆ ದಿನ ದೂಡುತ್ತಿದ್ದರು.

ಇಂಥ ಮನೆಗೆ ಮೀನು ಬಂದವು. ನಮ್ಮನೆಯವರದು ಪುಸ್ತಕ-ಪೆನ್ನಿನ ಅಂಗಡಿ. ಅಂಗಡಿಗೆ ಬಂದುಹೋಗುತ್ತಿದ್ದ ಅಧಿಕಾರಿಯೊಬ್ಬರಿಗೆ ದೂರದ ಊರಿಗೆ ವರ್ಗವಾಗಿ, ಸಾಗಿಸಲಾರದ ಗಾಜಿನ ತೊಟ್ಟಿಯನ್ನು ಇವರ ಕೊರಳಿಗೆ ಕಟ್ಟಿ ಹೋದರು. ತಳ್ಳುಗಾಡಿಯ ಮೇಲೆ ಅದು ಬಂದಿಳಿದಾಗ ಅತ್ತೆ ಹೊಸಿಲಲ್ಲೇ ಅಡ್ಡ ನಿಂತರು. "ಲಿಂಗ ಕಟ್ಕಂಡೋರ್ ಮನೇಲಿ ಮೀನಾ? ಬೀದಿಯೋರ್ ಏನಂದಾರು?" ತಿನ್ನುವುದಕ್ಕಲ್ಲ, ನೋಡುವುದಕ್ಕೆ ಎಂದು ಮಗ ಸಮಾಧಾನ ಹೇಳಿದ ಮೇಲೆ, ಮೀನಿನ ನೀರು ಮುಟ್ಟಿದ ಬಕೆಟ್ಟು ಅಡುಗೆಮನೆಯ ಹೊಸಿಲು ದಾಟಕೂಡದೆಂಬ ಕಟ್ಟಪ್ಪಣೆಯೊಂದಿಗೆ ತೊಟ್ಟಿ ಒಳಗೆ ಬಂತು.

ಮೀನು ಆರಿಸುವ ಕೆಲಸ ನನ್ನ ಪಾಲಿಗೆ ಬಿತ್ತು. ಆಸ್ಪತ್ರೆಯ ಲ್ಯಾಬಿನಲ್ಲಿ ದಿನವಿಡೀ ಗಾಜಿನ ಮೂಲಕ ಕಣ್ಣು ಹಾಯಿಸುವುದೇ ನನ್ನ ಉದ್ಯೋಗವಾದ್ದರಿಂದ, ಇದೇನು ಮಹಾ ಎಂಬ ಧೈರ್ಯದಲ್ಲಿ ಮೈಸೂರಿನ ಅಂಗಡಿಗೆ ಹೋಗಿ, ಸೀರೆ ಆರಿಸಿದಂತೆ ಬರೀ ಬಣ್ಣ ನೋಡಿ ಆರಿಸಿದೆ: ಬೀಸಣಿಗೆಯ ಬಾಲದ ಗಪ್ಪಿಗಳು, ಜೊತೆಗೆ ಹಳದಿ ಮೈಗೆ ಕಪ್ಪು ಪಟ್ಟೆ ಎಳೆದ ಟೈಗರ್ ಬಾರ್ಬ್ ಎರಡು. ವಾರದೊಳಗೆ ಗಪ್ಪಿಗಳ ಬಾಲಗಳು ಹರಿದ ಬಾಳೆಲೆಯಂತಾದವು. ಆಮೇಲೆ ಬುದ್ಧಿ ಬಂದು ಪುಸ್ತಕ ತೆರೆದು ನೋಡಿದರೆ ತಿಳಿದದ್ದಿಷ್ಟು: ಬಾರ್ಬ್ ದುಷ್ಟ ಮೀನೇನಲ್ಲ. ಗುಂಪಿನಲ್ಲಿಟ್ಟರೆ ಅದರ ಕಿತ್ತಾಟವೆಲ್ಲ ತನ್ನವರ ಜೊತೆಗೇ ಮುಗಿದುಹೋಗುತ್ತದೆ. ಒಂದೆರಡನ್ನು ಮಾತ್ರ ತಂದು ಪರರ ನಡುವೆ ಬಿಟ್ಟರೆ ಕಂಡವರ ಬಾಲ ಕಚ್ಚುತ್ತದೆ. ಅಂಥ ಗುಂಪಿಗೆ ನಮ್ಮ ತೊಟ್ಟಿಯಲ್ಲಿ ಜಾಗವಿರಲಿಲ್ಲ. ಅವನ್ನು ಅಂಗಡಿಗೇ ಮರಳಿಸಿ ಬಂದೆ.

ಎರಡನೆಯ ಸಲ ಆರಿಸುವಾಗ ನಾನು ಬಣ್ಣ ನೋಡಲಿಲ್ಲ, ಯಾರು ಎಲ್ಲಿ ಈಜುತ್ತಾರೆಂದು ನೋಡಿದೆ. ಮೇಲಿನ ನೀರಲ್ಲಿ ಅತ್ತಿಂದಿತ್ತ ಓಡಾಡುವ ಜೀಬ್ರಾ ಡೇನಿಯೊಗಳು. ನಡುನೀರಿಗೆ ಪ್ಲಾಟಿ, ಗಪ್ಪಿ, ಮತ್ತು ನೀಲಿ ದೀಪ ಹೊತ್ತಿಸಿಕೊಂಡಂತೆ ಸಾಗುವ ನಿಯಾನ್ ಟೆಟ್ರಾಗಳ ಒಂದು ಗುಂಪು. ತಳದ ಮರಳನ್ನು ಮೀಸೆಯಿಂದ ತಡಕುತ್ತ ಯಾರ ಗೊಡವೆಗೂ ಹೋಗದ ಕೋರಿಡೋರಸ್. ಸಾಧು ಮೀನು ಎಂದರೆ ಜಗಳವೇ ಬಾರದ ಮೀನು ಎಂದು ನಾನು ತಿಳಿದಿದ್ದೆ. ಹಾಗಲ್ಲ ಮಾರಾಯರೇ, ತನ್ನ ಪಾಲಿನ ನೀರು ತನಗೆ ಸಿಕ್ಕಿದ ಮೀನು ಅದು. ನಿಯಾನ್ ಟೆಟ್ರಾವನ್ನು ಒಂಟಿಯಾಗಿ ಬಿಟ್ಟು ನೋಡಿ, ಎಲೆಯ ಹಿಂದೆ ಅವಿತು ಅದರ ಬಣ್ಣವೇ ಮಂಕಾಗುತ್ತದೆ. ಅದರಂಥವೇ ಇನ್ನಷ್ಟನ್ನು ಜೊತೆಗೆ ಬಿಟ್ಟರೆ ಅದೇ ಮೀನು ಬೆಳಗುತ್ತದೆ. ಇದನ್ನು ಓದಿ ತಲೆಯೆತ್ತಿದಾಗ ಹಿತ್ತಲ ಜಗಲಿಯಲ್ಲಿ ಒಬ್ಬಳೇ ಅವರೆಕಾಯಿ ಬಿಡಿಸುತ್ತಿದ್ದ ಅವ್ವ ಕಂಡಳು. ಪುಸ್ತಕ ಮುಚ್ಚಿಟ್ಟು ನಾನೂ ಹೋಗಿ ಕಾಯಿ ಬಿಡಿಸಲು ಕೂತೆ.

ಇನ್ನೊಂದು ಪಾಠವಿದೆ, ಅದನ್ನೂ ಹೇಳಿಬಿಡುತ್ತೇನೆ. ಅಂಗಡಿಯಿಂದ ತಂದ ಮೀನನ್ನು ನೇರವಾಗಿ ತೊಟ್ಟಿಗೆ ಸುರಿಯಬಾರದು. ಕಟ್ಟಿದ ಪಾಲಿಥೀನ್ ಚೀಲವನ್ನು ಹಾಗೆಯೇ ನೀರಿನ ಮೇಲೆ ತೇಲಬಿಡಬೇಕು. ಒಳಗಿನ ನೀರೂ ಹೊರಗಿನ ನೀರೂ ಒಂದೇ ಬಿಸುಪಿಗೆ ಬಂದ ಮೇಲೆ ಗಂಟು ಬಿಚ್ಚಬೇಕು. ಅಲ್ಲಿಯವರೆಗೆ ಮೀನು ಮನೆಯೊಳಗಿದ್ದೂ ಮನೆಯದಲ್ಲ. ಸುತ್ತಲಿನವರನ್ನು ಚೀಲದ ಒಳಗಿನಿಂದಲೇ ನೋಡುತ್ತಿರುತ್ತದೆ. ಅವಸರ ಮಾಡಿದರೆ ಕೆಟ್ಟಿತು.

ತೊಟ್ಟಿ ಹದಕ್ಕೆ ಬಂತು ಎನ್ನುವಾಗ ಒಂದು ಅನಾಹುತವಾಯಿತು. ನೀರು ಗಂಜಿಯಂತೆ ಬೆಳ್ಳಗಾಯಿತು. ನಲ್ಲಿಯಲ್ಲಿ ಬರುವ ಕಪಿಲೆಯ ನೀರನ್ನು ಬ್ಲೀಚಿಂಗ್ ಪುಡಿಯ ವಾಸನೆ ಹೋಗುವಂತೆ ಬಕೆಟ್ಟಿನಲ್ಲಿ ಇಟ್ಟೇ ತುಂಬುತ್ತಿದ್ದೆ, ಆದರೂ ಹೀಗೇಕೆಂದು ತಿಳಿಯದೆ ಒಂದು ಸೀಸೆ ನೀರನ್ನು ಲ್ಯಾಬಿಗೆ ಒಯ್ದು ಮೈಕ್ರೋಸ್ಕೋಪಿನ ಕೆಳಗೂ ಇಟ್ಟುನೋಡಿದೆ. ಅಷ್ಟರಲ್ಲಿ ಟೆಟ್ರಾಗಳ ನೀಲಿ ದೀಪಗಳು ಒಂದೊಂದಾಗಿ ಆರತೊಡಗಿದವು. ಭಾನುವಾರ ತೊಟ್ಟಿ ಖಾಲಿ ಮಾಡಿ ಕಲ್ಲು ಸರಿಸಿದರೆ, ಅದರಡಿಯಲ್ಲಿ ಉಬ್ಬಿ ಕೊಳೆತ ಕಡಲೆಪುರಿ! ನದಿಯ ಸೋಪಾನದಲ್ಲಿ ಮಿಂದವರು ಮೀನಿಗೆ ಪುರಿ ಎಸೆಯುವುದು ನಮ್ಮೂರಲ್ಲೂ ಅವ್ವ ಬಿಟ್ಟುಬಂದ ಸಂಗಮದ ಊರಲ್ಲೂ ಪುಣ್ಯದ ಕೆಲಸ. ಹರಿಯುವ ಹೊಳೆ ಅಂಥ ಪುಣ್ಯವನ್ನು ಎಷ್ಟು ಬೇಕಾದರೂ ತಡೆದುಕೊಂಡೀತು, ಅಂಗೈಯಗಲದ ತೊಟ್ಟಿ ಹೇಗೆ ತಡೆದುಕೊಂಡೀತು?

ಯಾರು ಪುರಿ ಹಾಕಿದ್ದು ಎಂದೆ. ಅತ್ತೆ ಥಟ್ಟನೆ, "ಬೀಗಿತ್ತಮ್ಮೋರು ಸಂಜೆ ಸಂಜೆ ಆಕ್ತಿದ್ರು, ನಾನೇ ಕಂಡಿವ್ನಿ" ಎಂದರು. ಅವ್ವ ಒಳಗೆ ಹೋದಳು, ಸೆರಗು ಸರಿಮಾಡಿಕೊಂಡು ಬಂದಳು, ಬೆಂಚಿನ ಕೆಳಗಿಂದ ಬುಟ್ಟಿ ಎತ್ತಿದಳು. "ಮೂಗ್ ಪ್ರಾಣಿ ಕೊಂದ ಪಾಪ ಒತ್ಕಂಡು ನಾನಿಲ್ಲಿ ಇರಕ್ಕಿಲ್ಲ ಕಣವ್ವ. ಬಿಳ್ಗೆರೆ ಬಸ್ಸು ಈಗ್ಲೇ ಬತ್ತದೆ." ನನ್ನ ಕೈಯಲ್ಲಿ ಒದ್ದೆ ಕಲ್ಲುಗಳಿದ್ದವು. ಅತ್ತೆಯ ಮಾತಿಗೆ ಎದುರಾಡಿದರೆ ಅವ್ವನೇ ಮೊದಲು ನನ್ನನ್ನು ಗದರುತ್ತಾಳೆ. ಸುಮ್ಮನಿದ್ದರೆ ಅವಳು ಗೇಟು ದಾಟುತ್ತಾಳೆ. ಹಿಂದೆಯೇ ಓಡಿದೆ. ಅವ್ವ ಗೇಟಿನ ಚಿಲಕಕ್ಕೆ ಕೈಹಾಕಿದ್ದಳು.

ನನ್ನ ಬೆನ್ನ ಹಿಂದೆ ಅತ್ತೆಯ ದನಿ ಕೇಳಿಸಿತು. "ನಿಂತ್ಕಳಿ ಬೀಗಿತ್ತಮ್ಮೋರೇ. ಬೆಳಗಾನ ಪೂಜೆ ಮುಗ್ಸಿ ನಾನೂ ಒಂದ್ ಇಡಿ ಆಕ್ತಿದ್ದೆ. ಇಬ್ರೂ ಸೇರ್ ಕೊಂದ್ಬುಟ್ಟು ನೀವೊಬ್ರೇ ಓದ್ರೆ ಎಂಗೆ?"

ಮೀನು ಮೈಲಿಗೆ ಎಂದು ಹೊಸಿಲಲ್ಲಿ ತಡೆದವರು, ತಮ್ಮ ಮನಸ್ಸು ಕರಗಿದ್ದು ಸೊಸೆಗೆ ಕಾಣದಿರಲೆಂದು ಕದ್ದು ಹಾಕುತ್ತಿದ್ದರಂತೆ. ಅವ್ವ, ಬೀಗರ ಮನೆಯ ಮೀನಿಗೆ ತಾನು ಹಾಕುವುದು ತಪ್ಪಾದೀತೆಂದು ಕದ್ದು ಹಾಕುತ್ತಿದ್ದಳಂತೆ. ಒಂದು ಹಿಡಿ ಬೆಳಿಗ್ಗೆ, ಒಂದು ಹಿಡಿ ಸಂಜೆ, ಒಬ್ಬರಿಗೊಬ್ಬರು ಹೇಳದ ಕರುಣೆಯಲ್ಲಿ ಮೀನುಗಳು ಸತ್ತಿದ್ದವು. ಅವ್ವ ಗೇಟಿನಲ್ಲೇ ನಿಂತು ಮೊದಲು ಅತ್ತಳು, ಆಮೇಲೆ ನಕ್ಕಳು, ಆಮೇಲೆ ಬುಟ್ಟಿ ಹಿಡಿದು ವಾಪಸು ಬಂದಳು. ಬುಟ್ಟಿ ಮಾತ್ರ ಮತ್ತೆ ಬೆಂಚಿನ ಕೆಳಗೇ ಹೋಯಿತು.

ಅಂದಿನಿಂದ ಹೊಸ ಕಟ್ಟಳೆ ಬಂತು. ಪುರಿ ಬಂದ್, ಡಬ್ಬಿಯ ಆಹಾರ ಮಾತ್ರ, ಅದೂ ಒಂದೇ ಚಿಟಿಕೆ. ಮೀನಿನ ಹೊಟ್ಟೆಯನ್ನು ನಂಬುವಂತಿಲ್ಲ, ಉಂಡರೂ ಉಣ್ಣದವರ ಹಾಗೆ ಗಾಜಿಗೆ ಮೂತಿ ಒತ್ತಿಕೊಂಡು ನಿಲ್ಲುವ ಜಾತಿ ಅದು. ಆದ್ದರಿಂದ ಡಬ್ಬಿ ಮುಟ್ಟುವ ಮುನ್ನ ಒಬ್ಬರನ್ನೊಬ್ಬರು ಕೇಳಲೇಬೇಕಾಯಿತು. "ಆಕಿದ್ರಾ ಬೀಗಿತ್ತಮ್ಮೋರೇ?" "ಇಲ್ಲ, ನೀವ್ ಆಕಿ." ಇಷ್ಟರಿಂದ ಶುರುವಾದ ಮಾತು, ಗಪ್ಪಿ ಬಸುರಾಗಿದೆಯೇ ಎಂಬಲ್ಲಿಗೆ ಬೆಳೆದು, ಅಲ್ಲಿಂದ ತಮ್ಮ ತಮ್ಮ ಬಾಣಂತನಗಳಿಗೆ ಹೊರಳಿ, ಹೆಡತಲೆಯ ಅವರೆಕಾಯಿ ಸೊಗಡಿನದೋ ನರಸೀಪುರದ ಕಡೆಯದೋ ಎಂಬ ತೀರದ ವ್ಯಾಜ್ಯಕ್ಕೆ ಬಂದು ನಿಂತಿತು. ಒಂದು ಬೇಸಗೆಯ ಮಧ್ಯಾಹ್ನ ಊಟಕ್ಕೆ ಬಂದರೆ ಕರೆಂಟಿಲ್ಲ, ಗಾಳಿಯ ಪಂಪು ನಿಂತಿದೆ. ತೊಟ್ಟಿಯ ಮುಂದೆ ಇಬ್ಬರೂ ಕುರ್ಚಿ ಹಾಕಿಕೊಂಡು, ಚೊಂಬಿನಲ್ಲಿ ನೀರು ಮೊಗೆದು, ಕಾಫಿ ಆರಿಸುವಂತೆ ಎತ್ತರದಿಂದ ಸುರಿಯುತ್ತಿದ್ದಾರೆ. ಒಬ್ಬರ ಕೈ ಸೋತರೆ ಇನ್ನೊಬ್ಬರು. ಆ ಚೊಂಬು ಅಡುಗೆಮನೆಯದು ಎಂಬುದನ್ನು ನಾನು ಕಂಡೂ ಕಾಣದವಳಂತೆ ತಟ್ಟೆ ಹಾಕಿಕೊಂಡೆ.

ಹೀಗೆ ವರ್ಷಗಳು ಕಳೆದವು. ಆದರೂ ಅಪ್ಪ ಬುಟ್ಟಿಯಲ್ಲೇ ಇದ್ದ.

ಎರಡು ಸಾವಿರದ ಇಸವಿ ಕಳೆದ ಮೇಲೆ ಊರಾಚೆಯ ಬಡಾವಣೆಯಲ್ಲಿ ಸ್ವಂತದ್ದೊಂದು ಮನೆ ಕಟ್ಟಿಕೊಂಡೆವು. ಸಾಮಾನು ಸಾಗಿಸುವ ದಿನ ಮೀನುಗಳನ್ನು ಚೀಲಗಳಿಗೆ ತುಂಬಿ ಗಂಟು ಹಾಕಿದೆ, ಆದರೆ ಚೀಲಗಳು ನೆಟ್ಟಗೆ ನಿಲ್ಲಲೊಲ್ಲವು. ಪಾತ್ರೆಯಲ್ಲಿಟ್ಟರೆ ಉರುಳುತ್ತವೆ, ಬಕೆಟ್ಟಿನಲ್ಲಿ ಒಂದರ ಮೇಲೊಂದು ಬೀಳುತ್ತವೆ. ತಳ ಅಗಲವಿದ್ದು ಗೋಡೆ ಗಟ್ಟಿಯಿರುವ ಏನಾದರೂ ಬೇಕು. ಅವ್ವ ಅತ್ತಿತ್ತ ನೋಡಿದಳು. ಬೆಂಚಿನ ಕೆಳಗಿಂದ ಬುಟ್ಟಿ ಎಳೆದು, ಅದರಲ್ಲಿದ್ದದ್ದನ್ನೆಲ್ಲ ಚಾಪೆಯ ಮೇಲೆ ತೆಗೆದಿಟ್ಟಳು. "ಇದ್ರಲ್ಲಿ ಇಕ್ಕು."

ಆಟೋದಲ್ಲಿ ಅವ್ವ ಮೀನಿನ ಬುಟ್ಟಿಯನ್ನು ಎರಡು ಕೈಯಲ್ಲೂ ತಬ್ಬಿ ಕೂತಿದ್ದಳು. ಅವಳ ಕೈ ಬಿಡುವಿಲ್ಲವೆಂದು, ಟವೆಲು ಸುತ್ತಿದ ಫೋಟೋವನ್ನು ಅತ್ತೆ ತಾವೇ ತೆಗೆದುಕೊಂಡು ನಮ್ಮ ಮಾವನವರ ಫೋಟೋದ ಮೇಲಿಟ್ಟು ತೊಡೆಯ ಮೇಲೆ ಹಿಡಿದಿದ್ದರು. ದಾರಿಯುದ್ದಕ್ಕೂ ಹಳ್ಳ ಬಂದಾಗಲೆಲ್ಲ ಇಬ್ಬರೂ ಒಟ್ಟಿಗೇ ಆಟೋದವನನ್ನು ಬೈದರು.

ಹೊಸ ಮನೆಯಲ್ಲಿ ತೊಟ್ಟಿಗೆ ನೀರು ತುಂಬಿ, ಚೀಲಗಳನ್ನು ತೇಲಬಿಟ್ಟು ಕಾಯುತ್ತಿದ್ದೆವು. ನಮ್ಮನೆಯವರು ನಡುಮನೆಯ ಗೋಡೆಗೆ ಮೊಳೆ ಹೊಡೆದು ಮಾವನವರ ಫೋಟೋ ನೇತುಹಾಕಿ ಕುರ್ಚಿಯಿಂದ ಇಳಿಯಹೊರಟರು. ಅತ್ತೆ ಇಳಿಯಗೊಡಲಿಲ್ಲ.

"ಅಲ್ಲೇ ಪಕ್ದಲ್ಲಿ ಇನ್ನೊಂದು ಮೊಳೆ ಒಡಿಯಪ್ಪ."

"ಅದ್ಯಾಕೆ?" ಎಂದರು ಇವರು.

ಅತ್ತೆ ಟವೆಲು ಬಿಚ್ಚಿ, ಅಪ್ಪನ ಮುಖದ ಮೇಲಿನ ಗಾಜನ್ನು ತಮ್ಮ ಸೆರಗಿನಲ್ಲೇ ಒರೆಸಿದರು. "ಬೀಗ್ರು ಇನ್ನೂ ಎಷ್ಟ್ ವರ್ಸ ಬುಟ್ಟೀಲೇ ಕುಂತಿರಾರು?"

ಅವ್ವ ತೊಟ್ಟಿಯತ್ತ ತಿರುಗಿಕೊಂಡಳು. ಅವಳ ಬೆನ್ನು ಅಲುಗುತ್ತಿತ್ತು. ಇಷ್ಟು ವರ್ಷ ನಾನು ಕಾದದ್ದು ಎರಡಕ್ಷರಕ್ಕೆ, ಬಂದದ್ದು ಒಂದು ಮೊಳೆ. ಸುತ್ತಿಗೆಯ ಸದ್ದು ಕೇಳುತ್ತ ನಾನೂ ಅತ್ತುಬಿಟ್ಟೆ, ನಾಚಿಕೆಯಿಲ್ಲದೆ, ಸಂತೋಷಕ್ಕೆ. ಸ್ವಲ್ಪ ಹೊತ್ತಾದ ಮೇಲೆ ಅವ್ವ ಮೂಗೊರೆಸಿಕೊಂಡು ಚೀಲವನ್ನು ಮುಟ್ಟಿ ನೋಡಿ, "ಎರಡೂ ನೀರು ಒಂದೇ ಬಿಸಿಗೆ ಬಂದವೆ, ಬಿಚ್ಚು ಮಗಾ" ಎಂದಳು. ಗಂಟು ಬಿಚ್ಚಿದೆ. ಮೀನುಗಳು ಒಂದೊಂದಾಗಿ ಹೊರಬಂದು, ಮೇಲಿನವು ಮೇಲಕ್ಕೆ, ತಳದವು ತಳಕ್ಕೆ, ತಮ್ಮ ತಮ್ಮ ನೀರು ಹುಡುಕಿಕೊಂಡು ಹೋದವು.

ಅವ್ವ ಬುಟ್ಟಿಯನ್ನು ತೊಳೆದು ಬಿಸಿಲಿಗಿಟ್ಟಳು. ಒಣಗಿದ ಮೇಲೆ ಅದನ್ನು ಬೆಂಚಿನ ಕೆಳಗೆ ತಳ್ಳುತ್ತಾಳೋ ಎಂದು ನಾನು ನೋಡುತ್ತಿದ್ದೆ. ಅವಳು ಅಳಿಯನನ್ನು ಕರೆದು ತೊಟ್ಟಿಯ ಪಕ್ಕ ತನಗೂ ಒಂದು ಮೊಳೆ ಹೊಡೆಸಿಕೊಂಡು, ಬುಟ್ಟಿಯನ್ನು ನೇತುಹಾಕಿ, ಅದರೊಳಗೆ ಮೀನಿನ ಡಬ್ಬಿ ಇಟ್ಟಳು. ಇವತ್ತು ಬೆಳಿಗ್ಗೆಯೂ ಅತ್ತೆ ಪೂಜೆ ಮುಗಿಸಿ ಬಂದು ಬುಟ್ಟಿಗೆ ಕೈಹಾಕಿ, ಹಿತ್ತಲಿಗೆ ಕೇಳುವಂತೆ ಕೂಗಿದರು, "ಆಕಿದ್ರಾ?" ಅವ್ವ ಅಲ್ಲಿಂದಲೇ, "ಇಲ್ಲ, ಬಂದೆ ಇರಿ" ಎಂದಳು.