ದೊಡ್ಡಗಂಗಮ್ಮನ ಹೆಣ್ಣು ಚಂದ್ರ

ಯಲ್ದೂರಿನ ನಮ್ಮ ಬೀದಿಯ ಮಕ್ಕಳು ಚಂದ್ರನನ್ನು ಮಾಮ ಎನ್ನುತ್ತಿರಲಿಲ್ಲ, ಅತ್ತೆ ಎನ್ನುತ್ತಿದ್ದವು. ನಾನು ಆ ಬೀದಿಗೆ ಸೊಸೆಯಾಗಿ ಬಂದದ್ದು ಎಪ್ಪತ್ತೇಳರಲ್ಲಿ. ಮೊದಲ ಸಲ ಕೇಳಿದಾಗ ಇಡೀ ಬೀದಿಗೇ ಏನೋ ಗಾಳಿ ಸೋಕಿದೆ ಅಂದುಕೊಂಡೆ. ಗಾಳಿಯ ಹೆಸರು ದೊಡ್ಡಗಂಗಮ್ಮ ಎಂದು ಆಮೇಲೆ ತಿಳಿಯಿತು.

ಈ ದೊಡ್ಡಗಂಗಮ್ಮ ಚಿಕ್ಕವಳಿದ್ದಾಗ ಕೋಲಾರದ ಚಿನ್ನದ ಗಣಿಯಲ್ಲಿ ಒಬ್ಬ ದೊರೆಯ ಬಂಗಲೆಯಲ್ಲಿ ಮಗು ಆಡಿಸುವ ಕೆಲಸಕ್ಕಿದ್ದಳು. ದೊರೆಸಾನಿ ಮಗುವನ್ನು ಮಲಗಿಸುತ್ತಾ ಗ್ರೀಕರ ಕಥೆ, ರೋಮಿನವರ ಕಥೆ ಹೇಳುವಳು. ಬಟ್ಲರು ಅದನ್ನು ತನಗೆ ತೋಚಿದಂತೆ ತೆಲುಗಿಗೆ ತಿರುಗಿಸುವನು. ದೊಡ್ಡಗಂಗಮ್ಮ ಅದಕ್ಕೆ ತನ್ನದೂ ಒಂದಿಷ್ಟು ಒಗ್ಗರಣೆ ಹಾಕಿ ಇಟ್ಟುಕೊಂಡಳು. ಮೈನೆರೆದ ವರ್ಷವೇ ಸೋದರಮಾವ ಮುನಿರಾಮಪ್ಪನಿಗೆ ಅವಳನ್ನು ಕೊಟ್ಟರು. ಬಂಗಲೆ ಹೋಯಿತು, ಕಥೆಗಳು ಉಳಿದವು.

ಅವಳ ಪ್ರಕಾರ ಚಂದ್ರ ಹೆಣ್ಣು. ಹೆಸರು ಸೆಲೀನಮ್ಮ. ಬೆಳ್ಳಗಿನ ಕುದುರೆ ಕಟ್ಟಿದ ಗಾಡಿಯಲ್ಲಿ ದಿನಾ ಆಕಾಶ ಸುತ್ತುವವಳು. ರೋಮಿನವರು ಲೂನಮ್ಮ ಎಂದರು, ಅಷ್ಟೇ ವ್ಯತ್ಯಾಸ. ಕುರಿ ಕಾಯುವ ಎಂಡಿಮಪ್ಪನ ಮೇಲೆ ಅವಳಿಗೆ ಮನಸ್ಸಾಯಿತು. ಅವನೋ ಗುಹೆಯಲ್ಲಿ ಮಲಗಿದವನು ಎದ್ದೇ ಇಲ್ಲ. ಆದರೂ ಅವರಿಗೆ ಐವತ್ತು ಹೆಣ್ಣುಮಕ್ಕಳು. ಅದು ಹೇಗೆ ಎಂದು ಕೇಳಿದರೆ, "ನಮ್ಮನೆ ಗಂಡಸ್ರು ಏನು ಎದ್ದು ಕೂತ್ಕೊಂಡು ಸಂಸಾರ ಮಾಡ್ತವರಾ?" ಎನ್ನುವಳು. ಅಪ್ಪನ ಮುಂದೆ ನಿಂತು ಮದುವೆಯೇ ಬೇಡ, ಬಿಲ್ಲು ಕೊಡು ಎಂದು ಕೇಳಿದ ಡಯಾನಮ್ಮ ಇನ್ನೊಬ್ಬ ಚಂದ್ರದೇವಿ. ಹೆಕಟಮ್ಮ ಅಂತ ಮತ್ತೊಬ್ಬಳು ಇದ್ದಾಳೆ, ಅವಳ ಜಾಗ ಮೂರು ದಾರಿ ಕೂಡುವ ಕಡೆ. ಅಮಾವಾಸ್ಯೆಗೆ ಅವಳಿಗೆ ಅಲ್ಲಿ ಎಡೆ ಇಡುತ್ತಿದ್ದರಂತೆ. ನಾವು ದೃಷ್ಟಿ ತೆಗೆದು ಮೂರು ದಾರಿಗೆ ಹಾಕುವುದನ್ನು ನೋಡಿದಾಗಲೆಲ್ಲ, "ನೋಡು, ನಮ್ಮ ಹೆಕಟಮ್ಮಂಗೇ ಹೋಯ್ತು" ಎಂದು ಖುಷಿಪಡುವಳು.

ಇಷ್ಟಕ್ಕೇ ನಿಂತಿದ್ದರೆ ಯಾರ ತಕರಾರೂ ಇರಲಿಲ್ಲ. ನಾನು ಬಂದ ಮರುವರ್ಷ ಗಣೇಶನ ಹಬ್ಬದ ಸಂಜೆ ನಾವೆಲ್ಲ ಸೆರಗು ಮುಂದಕ್ಕೆಳೆದು ತಲೆ ತಗ್ಗಿಸಿ ಓಡಾಡುತ್ತಿದ್ದರೆ, ಇವಳು ಬೀದಿಯಲ್ಲಿ ನಿಂತು ಚೌತಿಯ ಚಂದ್ರನನ್ನು ಕಣ್ತುಂಬ ನೋಡಿದಳು. ಗಣಪ್ಪನ ಹೊಟ್ಟೆ ನೋಡಿ ನಕ್ಕವನು ಗಂಡಸು, ಶಾಪ ತಗುಲಿದ್ದೂ ಅವನಿಗೆ, ಸೆಲೀನಮ್ಮ ಯಾರನ್ನು ನೋಡಿ ನಕ್ಕಳು ಎಂಬುದು ಅವಳ ವಾದ. ಪಡುವಣಕ್ಕೆ ಮರೆಯಿಲ್ಲದ ಜಾಗವೆಂದು ಅವಳು ನಿಂತದ್ದು ಪಕ್ಕದ ಮನೆ ಶಾಮಲಮ್ಮನ ಗೋಡೆಯ ಹತ್ತಿರ. ಆ ಗೋಡೆಗೆ ಚಂದ್ರಿಕೆಗಳನ್ನು ಒರಗಿಸಿದ್ದರು. ಹಣ್ಣಾದ ರೇಷ್ಮೆಹುಳವನ್ನು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿಗಳವು, ಆಳುದ್ದ ಇರುತ್ತವೆ.

ಬೆಳಗಾದರೆ ಅದರಲ್ಲೊಂದು ಇಲ್ಲ.

ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲೂ ಸಾಕಾಗುವಷ್ಟು ಚಂದ್ರಿಕೆ ಇರಲಿಲ್ಲ. ಒಬ್ಬರ ಬೆಳೆಗೆ ಇನ್ನೊಬ್ಬರು ಕೊಟ್ಟು ನಡೆಸುತ್ತಿದ್ದೆವು. ದೊಡ್ಡಗಂಗಮ್ಮನ ಹುಳ ಅವತ್ತೇ ಹಣ್ಣಾಗಿದ್ದವು. ಸಂಜೆಯೊಳಗೆ ಚಂದ್ರಿಕೆಗೆ ಬಿಡದಿದ್ದರೆ ಸೊಪ್ಪಿನ ಕಸದಲ್ಲೇ ನೂಲು ಬಿಟ್ಟು ಬೆಳೆ ಮಣ್ಣುಪಾಲು. ಹಾಗಿರುವಾಗ ಚಂದ್ರಿಕೆ ಬೇಕಾದವಳು ಇವಳು, ಸಂಜೆ ಗೋಡೆ ಹತ್ತಿರ ನಿಂತಿದ್ದವಳೂ ಇವಳು. ಶಾಮಲಮ್ಮ ಬಾಯಿಬಿಟ್ಟು ಕೇಳಿಯೇಬಿಟ್ಟಳು. "ಏಮಕ್ಕಾ, ಕೇಳಿದ್ರೆ ನಾನು ಕೊಡ್ತಿರಲಿಲ್ವಾ?"

ಗಣಪತಿ ಪೂಜೆಗೆ ಬಂದಿದ್ದ ಜೋಯಿಸರಿಗೆ ಹೋಳಿಗೆ ಸಿಕ್ಕಷ್ಟು ಸಂತೋಷವಾಯಿತು. "ಹೇಳಿರಲಿಲ್ವೇನಮ್ಮಾ? ಚೌತಿ ಚಂದ್ರನ್ನ ನೋಡಿದ್ದಕ್ಕೆ ಕಳ್ಳತನದ ಅಪವಾದ ಬಂತು. ಕೃಷ್ಣಪರಮಾತ್ಮನನ್ನೇ ಬಿಡಲಿಲ್ಲ. ಕೂತ್ಕೋ, ಶಮಂತಕ ಮಣಿ ಕಥೆ ಹೇಳ್ತೀನಿ. ಅಪವಾದ ಕಳೆಯುತ್ತೆ, ಶಾಮಲಮ್ಮನೂ ಚಂದ್ರಿಕೆ ಕೊಡ್ತಾಳೆ."

ಒಳ್ಳೆಯ ದಾರಿಯೇ. ನಾನಾಗಿದ್ದರೆ ಕಾಲು ಚಾಚಿ ಕೂತು ಕೇಳಿ, ಕಾಯಿ ಹೋಳು ಇಸಕೊಂಡು ಬರುತ್ತಿದ್ದೆ. ದೊಡ್ಡಗಂಗಮ್ಮ ನಿಂತೇ ಇದ್ದಳು.

"ಸಾಮಿ, ಅಪವಾದ ಅಂದ್ರೆ ಸುಳ್ಳು ತಾನೆ?"

"ಸುಳ್ಳೇ."

"ಸುಳ್ಳಾದ್ರೆ ಶಾಪ ತಗುಲ್ತು, ಚಂದ್ರ ಗಂಡಸು ಅಂತಾಯ್ತು."

"ಆಯ್ತಲ್ಲ ಮತ್ತೆ."

"ಹಂಗಾದ್ರೆ ಸುಳ್ಳಲ್ಲ. ಚಂದ್ರಿಕೆ ನಾನೇ ಕದ್ದಿದ್ದು."

ಎಲ್ಲಿಟ್ಟಿದ್ದೀಯೆಂದು ಯಾರೋ ಕೇಳಿದರು. "ಕದ್ದೋರು ಹೇಳ್ತಾರೇನಪ್ಪಾ?" ಎಂದು ಸೆರಗು ಕೊಡವಿಕೊಂಡು ಮನೆಗೆ ಹೋದಳು.

ಕಳ್ಳಿಗೆ ಚಂದ್ರಿಕೆ ಕೊಡುವವರು ಯಾರು? ಮಧ್ಯಾಹ್ನದವರೆಗೂ ಯಾರೂ ಅವಳ ಬಾಗಿಲ ಕಡೆ ಸುಳಿಯಲಿಲ್ಲ. ಮನಸ್ಸು ತಡೆಯದೆ ನಾನೇ ಹಿಂದಿನ ಬಾಗಿಲಿನಿಂದ ಹುಳ ಆಯಲು ಹೋದೆ. ಅವಳ ಮನೆಯ ನಾಲ್ಕು ಹರಕು ಚಂದ್ರಿಕೆ ಆಗಲೇ ತುಂಬಿದ್ದವು. ಹಳದಿ ತಿರುಗಿದ ಹುಳಗಳು ತಲೆಯೆತ್ತಿ ಜಾಗ ಹುಡುಕುತ್ತಿದ್ದವು. ಮುನಿರಾಮಪ್ಪ ನಡುಮನೆಯಲ್ಲಿ ಗೊರಕೆ ಹೊಡೆಯುತ್ತಿದ್ದ.

ಆಗ ಶಾಮಲಮ್ಮ ಹಿತ್ತಲ ಕಡೆಯಿಂದ ತಲೆಯ ಮೇಲೆ ಆ ಕಳೆದುಹೋದ ಚಂದ್ರಿಕೆಯನ್ನೇ ಹೊತ್ತುಕೊಂಡು ಬಂದಳು. ಅವಳ ಗಂಡ ಶ್ರೀನಿವಾಸಪ್ಪ ಸಡಿಲವಾದ ಬಿದಿರಿನ ಪಟ್ಟಿ ಬಿಗಿಯೋಣವೆಂದು ಹೇಳದೆ ಕೇಳದೆ ಬೆಳಗಿನ ಜಾವವೇ ಮಾವಿನ ತೋಪಿಗೆ ಅದನ್ನು ಒಯ್ದಿದ್ದನಂತೆ. ಇವಳು ಬುತ್ತಿ ತಗೊಂಡು ಹೋದರೆ ಚಂದ್ರಿಕೆಯನ್ನು ಮರಕ್ಕೆ ಒರಗಿಸಿ, ಅದರ ನೆರಳಲ್ಲಿ ಮಲಗಿದ್ದ.

"ತಪ್ಪಾಯ್ತಕ್ಕ," ಎಂದಳು ಶಾಮಲಮ್ಮ. "ಈಗ್ಲೇ ಹೋಗಿ ಎಲ್ಲರ್ಗೂ ಹೇಳ್ತೀನಿ, ನೀನು ಕದ್ದಿಲ್ಲ ಅಂತ."

"ಹೇಳ್ಬೇಡ ಕಣೇ."

"ಯಾಕಕ್ಕಾ, ಮಾನ ಹೋಗಲ್ವಾ? ಆಕಾಶದಲ್ಲಿರೋದು ಗಂಡೋ ಹೆಣ್ಣೋ, ನಿನಗೇನು?"

ದೊಡ್ಡಗಂಗಮ್ಮ ಹುಳ ಆಯುವುದನ್ನು ನಿಲ್ಲಿಸಲಿಲ್ಲ. "ಮದುವೆಯಾಗಿ ಬಂದಾಗಿಂದ ರಾತ್ರಿ ಎದ್ದು ಈ ಹುಳಕ್ಕೆ ಸೊಪ್ಪು ಹಾಕ್ತಾ ಇದೀನಿ ಶಾಮಲಾ. ಮನೆಯೆಲ್ಲ ಮಲಗಿರುತ್ತೆ. ಸೊಪ್ಪು ತರೋಕೆ ಅಂಗಳಕ್ಕೆ ಬಂದ್ರೆ ಅವಳೊಬ್ಬಳು ಎದ್ದಿರ್ತಾಳೆ. ಗಂಡಸಾಗಿದ್ರೆ ಅಷ್ಟೊತ್ತಿಗೆ ಮಲಗಿರ್ತಿದ್ದ. ಇರೋದು ಅವಳೊಬ್ಬಳೇ ಕಣೇ ನನಗೆ."

ಶಾಮಲಮ್ಮ ಪಕ್ಕದಲ್ಲಿ ಕೂತು ಹುಳ ಆಯತೊಡಗಿದಳು. ಅವಳ ಮನೆಯಲ್ಲೂ ಎಳೆಯ ಹುಳ ಇದ್ದವು, ರಾತ್ರಿ ಏಳುವವಳು ಅವಳೊಬ್ಬಳೇ. ನನಗೂ ಆ ವರ್ಷವೇ ಅದೇ ಕೆಲಸ ಬಿದ್ದಿತ್ತು.

ಆಮೇಲೆ ಶಾಮಲಮ್ಮ ಎದ್ದು ತನ್ನ ಮನೆಗೆ ಹೋಗಿ, ಗೋಡೆಗಿದ್ದ ಚಂದ್ರಿಕೆಗಳನ್ನೆಲ್ಲ ಒಂದೊಂದಾಗಿ ಬೀದಿಯಲ್ಲೇ ಹೊತ್ತು ತರತೊಡಗಿದಳು. ಕಟ್ಟೆಯ ಮೇಲಿದ್ದ ಜೋಯಿಸರು ಕರೆದು, ಕಳೆದದ್ದು ಸಿಕ್ಕಿತೇನಮ್ಮಾ ಎಂದರು.

"ಸಿಕ್ತು ಸಾಮಿ, ಇವಳ ಮನೇಲೇ ಇತ್ತು," ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದಳು ಶಾಮಲಮ್ಮ. "ಕದ್ದಿದ್ದು ಇವಳೇ. ಮಿಕ್ಕಿದ್ದನ್ನೂ ಕದೀಲಿ ಅಂತ ನಾನೇ ಹೊತ್ತು ಹಾಕ್ತಾ ಇದೀನಿ."