ಮಧುಚಂದ್ರಕ್ಕೆ ಮೂರನೇ ಸೀಟು

ವಿಮಾನದ ಟಿಕೆಟ್ ಬುಕ್ ಮಾಡುವುದು ನನ್ನ ಕೆಲಸ. ಐದು ವರ್ಷದಲ್ಲಿ ಏನಿಲ್ಲವೆಂದರೂ ನಾನೂರು ಜೋಡಿಗಳನ್ನು ಮಧುಚಂದ್ರಕ್ಕೆ ಕಳಿಸಿದ್ದೇನೆ. ಯಾವ ದ್ವೀಪದಲ್ಲಿ ಯಾವ ತಿಂಗಳು ಗಾಳಿ ಜಾಸ್ತಿ, ಯಾವ ವಿಮಾನದಲ್ಲಿ ಎಷ್ಟನೇ ಸಾಲಿನ ಕಿಟಕಿಗೆ ರೆಕ್ಕೆ ಅಡ್ಡ ಬರುತ್ತದೆ, ಎಲ್ಲವೂ ನನಗೆ ಬಾಯಿಪಾಠ. ಆದರೆ ನಾನಿನ್ನೂ ಒಂದು ಸಲವೂ ವಿಮಾನ ಹತ್ತಿಲ್ಲ. ನನ್ನ ಅತಿ ದೂರದ ಪ್ರವಾಸವೆಂದರೆ ಬಸ್ಸಿನಲ್ಲಿ ನಿದ್ದೆ ಹೋಗಿ ಕೊನೆಯ ಸ್ಟಾಪಿನಲ್ಲಿ ಎದ್ದದ್ದು.

ಇಂಥ ನನಗೂ ವಿಮಾನ ಹತ್ತುವ ಯೋಗ ಕೂಡಿಬಂತು. ಅದೂ ಬೇರೆಯವರ ಹನಿಮೂನಿನಲ್ಲಿ. ಅಕ್ಕ, ಬಾವ, ಜೊತೆಗೆ ನಾನು. ಗಂಡ ಹೆಂಡತಿಯ ಮಧುಚಂದ್ರಕ್ಕೆ ಮೂರು ಟಿಕೆಟ್ ಬುಕ್ ಮಾಡಿದ ಗುಮಾಸ್ತ ಈ ಭೂಮಿಯ ಮೇಲೆ ನಾನೊಬ್ಬನೇ ಇರಬೇಕು.

ಅಕ್ಕ ಗಡಿಯಾರ ರಿಪೇರಿ ಮಾಡುತ್ತಾಳೆ. ಆರು ವರ್ಷದವಳಿದ್ದಾಗ ಬಂದ ಜ್ವರ ಬೆನ್ನುಹುರಿಗೆ ಇಳಿದು, ಅವಳ ಕಾಲುಗಳ ಶಕ್ತಿಯನ್ನು ತೆಗೆದುಕೊಂಡು ಹೋಯಿತು. ಅಂದಿನಿಂದ ಗಾಲಿಕುರ್ಚಿ. ನಾನು ಹುಟ್ಟಿದ್ದು ಅದರ ಮರುವರ್ಷ. "ಇವಳಿಗೆ ಜೊತೆಗಿರಲಿ ಅಂತಾನೇ ಇವನು" ಎಂದು ಅಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು. ಹಾಗಾಗಿ ನಾನು ನಡೆಯಲು ಕಲಿತದ್ದೇ ಆ ಕುರ್ಚಿಯ ಹಿಂದಿನ ಹಿಡಿಗೆ ಜೋತುಬಿದ್ದು. ತಳ್ಳುತ್ತಿದ್ದೇನೆ ಎಂದು ನನ್ನ ಭಾವನೆ. ಎಳೆಸಿಕೊಂಡು ಬರುತ್ತಿದ್ದಾನೆ ಎಂದು ಅವಳ ವಾದ. ಆಗಲೇ ಅವಳು ನನಗೆ 'ಬಾಲ' ಎಂದು ಹೆಸರಿಟ್ಟದ್ದು. ಇಪ್ಪತ್ತೇಳು ತುಂಬಿದರೂ ಅದು ಉದುರಿಲ್ಲ.

ಅಕ್ಕನ ಬಳಿ ಒಂದು ಹಲಗೆ ಇದೆ. ಮೊಳಕ್ಕಿಂತ ಸ್ವಲ್ಪ ಉದ್ದ, ಎರಡೂ ತುದಿ ತೆಳ್ಳಗೆ. ಅವಳೇ ಕೂತು ಉಜ್ಜಿ, ಮೇಣ ಹಚ್ಚಿ, ಬೆಣ್ಣೆಯಂತೆ ನುಣುಪು ಮಾಡಿದ್ದಾಳೆ. ಕುರ್ಚಿಯಿಂದ ಮಂಚಕ್ಕೆ, ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಕಾರಿನ ಸೀಟಿಗೆ ಸೇತುವೆಯಂತೆ ಇಟ್ಟುಕೊಂಡು ಕೈಬಲದ ಮೇಲೆ ಜಾರಿಬಿಡುತ್ತಾಳೆ. ಆ ಹೊತ್ತಿನಲ್ಲಿ ಯಾರಾದರೂ 'ಪಾಪ' ಎಂದು ಕೈ ಚಾಚಿದರೆ ಅದೇ ಹಲಗೆ ಬೆರಳಿನ ಗಂಟಿನ ಮೇಲೆ ಬೀಳುತ್ತದೆ. ನನ್ನ ಬೆರಳುಗಳು ಸಾಕ್ಷಿ.

ಬಾವ ಕಿಟಕಿಗೆ ಗಾಜು ಕೂರಿಸುವವರು. ಅಕ್ಕನ ಗಡಿಯಾರದಂಗಡಿಯ ಒಡೆದ ಗಾಜು ಬದಲಿಸಲು ಬಂದವರು, ಆಮೇಲೆ ಒಡೆಯದ ಗಾಜನ್ನೂ ನೋಡಿಹೋಗಲು ಬರತೊಡಗಿದರು. ಸಣಕಲು ದೇಹ, ನಿಧಾನದ ಮಾತು. ಮೊದಲ ದಿನ ನೋಡಿದಾಗಲೇ ಅಮ್ಮ ನನ್ನ ಕಿವಿಯಲ್ಲಿ ಹೇಳಿದ್ದಳು: "ಒಳ್ಳೆಯವನೇ ಕಣೋ. ಆದ್ರೆ ಗಾಳಿ ಬಂದ್ರೆ ಇವನನ್ನೇ ಯಾರಾದ್ರೂ ಹಿಡ್ಕೋಬೇಕು. ಇವನು ಅವಳನ್ನ ಎತ್ತೋದು ಎಲ್ಲಿಂದ ಬಂತು?"

ನೋಂದಣಿ ಕಚೇರಿಯಲ್ಲಿ ಹತ್ತು ನಿಮಿಷಕ್ಕೆ ಮದುವೆ ಮುಗಿಯಿತು. ಆ ವಾರವೇ ಅಕ್ಕ ಅಂಗಡಿಯ ಮೇಜಿನ ಮೇಲಿದ್ದ ಬಿಡಿಭಾಗಗಳನ್ನು ಪಕ್ಕಕ್ಕೆ ಸರಿಸಿ ನನ್ನನ್ನು ಕೂರಿಸಿದಳು.

"ಲೋ ಬಾಲ, ಬರ್ಕೋ. ಮೂರು ದಿನ ನಗರ, ನಾಲ್ಕು ದಿನ ದ್ವೀಪ."

"ನಗರ ಸರಿ ಅಕ್ಕ, ಎಲ್ಲಾ ಕಡೆ ಲಿಫ್ಟ್ ಇರತ್ತೆ. ದ್ವೀಪ ಯಾಕೆ? ಅಲ್ಲಿರೋದೇ ಮರಳು. ಚಕ್ರ ಹೂತುಹೋಗತ್ತೆ."

"ಹೂತುಹೋಗ್ಲಿ. ನಿನ್ನ ಆ ನಾನೂರು ಜೋಡಿಗೂ ಹೀಗೇ ಉಪದೇಶ ಮಾಡ್ತೀಯಾ?"

ಬಾವ ಮೆಲ್ಲಗೆ ಬಾಯಿ ಹಾಕಿದರು. "ನಗರದಲ್ಲಿ ಒಂದು ಗಡಿಯಾರದ ಗೋಪುರ ಇದ್ಯಂತೆ. ಅದನ್ನ ನೋಡಬೇಕು ಅಂತ ಇವಳು. ಸಮುದ್ರ ನೋಡಬೇಕು ಅಂತ ನಾನು. ಎರಡೂ ಒಂದೇ ಸಲ ಮುಗಿಸಿಬಿಡೋಣ ಅಂತ."

ವೃತ್ತಿಯ ಗತ್ತಿನಲ್ಲಿ ನಾನು ಪೆನ್ನು ತೆಗೆದೆ. ಇಲ್ಲಿಂದ ನಗರಕ್ಕೆ ದೊಡ್ಡ ವಿಮಾನ. ಕುರ್ಚಿಯನ್ನು ಬಾಗಿಲವರೆಗೂ ಬಿಡುತ್ತಾರೆ, ಒಳಗೆ ಓಡಾಡಲು ಕಿರಿದಾದ ಇನ್ನೊಂದು ಕುರ್ಚಿ ಕೊಡುತ್ತಾರೆ. ತೊಂದರೆಯಿಲ್ಲ. ನಗರದಿಂದ ದ್ವೀಪಕ್ಕೆ ಹತ್ತೊಂಬತ್ತು ಸೀಟಿನ ಪುಟ್ಟ ವಿಮಾನ, ಬೇರೆ ಕಂಪನಿಯದು. ಗಾಳಿ ಎದ್ದರೆ ಅದು ಗಂಟೆಗಟ್ಟಲೆ ತಡ. ಆದ್ದರಿಂದ ವಾಪಸ್ ಬರುವ ದಿನ ಎರಡು ವಿಮಾನಗಳ ನಡುವೆ ಕನಿಷ್ಠ ಐದು ಗಂಟೆ ಬಿಡಬೇಕು. ಎರಡು ಬೇರೆ ಟಿಕೆಟ್ ಆದ್ದರಿಂದ ಒಂದು ತಪ್ಪಿದರೆ ಇನ್ನೊಬ್ಬರು ಹೊಣೆಯಲ್ಲ. ಎಲ್ಲವನ್ನೂ ವಿವರಿಸಿ, ಕೊನೆಗೆ ದನಿ ತಗ್ಗಿಸಿದೆ. "ಆ ಪುಟ್ಟ ವಿಮಾನಕ್ಕೆ ನಾಲ್ಕು ಮೆಟ್ಟಿಲು ಇವೆ ಅಕ್ಕ. ಲಿಫ್ಟ್ ಇಲ್ಲ."

"ನಾಲ್ಕೇ ತಾನೇ?" ಎಂದು ಅವಳು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೆಲಸಕ್ಕೆ ಬಾಗಿದಳು. ಸಭೆ ಮುಗಿದಿತ್ತು.

ಮನೆಗೆ ಬಂದರೆ ಅಮ್ಮ ಬಾಗಿಲಲ್ಲೇ ಹಿಡಿದಳು. "ನೀನೂ ಹೋಗ್ತಿದೀಯ ತಾನೇ?"

"ಅಮ್ಮಾ, ಅದು ಹನಿಮೂನ್!"

"ಇರ್ಲಿ. ನೀನೇನು ಅವರ ರೂಮಲ್ಲಿ ಕೂರ್ತೀಯಾ? ಪಕ್ಕದ ರೂಮಲ್ಲಿ ಬಿದ್ಕೋ. ಮೆಟ್ಟಿಲು ಬಂದಾಗ ಎತ್ತು, ಆಮೇಲೆ ಕಾಣದ ಹಾಗೆ ಇರು. ಇಪ್ಪತ್ತೆಂಟು ವರ್ಷ ನೋಡ್ಕೊಂಡಿದೀನಿ, ಈಗ ಯಾವುದೋ ನೀರಿನ ಮಧ್ಯೆ ಬಿಟ್ಟುಬಿಡ್ಲಾ?"

ಅಮ್ಮನಿಗೆ 'ಆಗಲ್ಲ' ಎನ್ನುವ ಗಂಡಸ್ತನ ನನ್ನಲ್ಲಿಲ್ಲ. ಅಕ್ಕನಿಗೆ ಹೇಳುವುದಂತೂ ದೂರದ ಮಾತು. ನನಗಿದ್ದದ್ದು ಕಂಪ್ಯೂಟರು ಮಾತ್ರ. ಮರುದಿನ ದ್ವೀಪದ ವಿಮಾನಕ್ಕೆ ಗಾಲಿಕುರ್ಚಿ ಪ್ರಯಾಣಿಕರ ಫಾರಂ ತುಂಬುತ್ತ ಹೋದೆ. ನಡೆಯಬಲ್ಲರೇ? ಇಲ್ಲ. ಸರಿ. ಮುಂದಿನ ಪ್ರಶ್ನೆ: ಪ್ರಯಾಣಿಕರು ಬೇರೆಯವರ ಸಹಾಯವಿಲ್ಲದೆ ಮೆಟ್ಟಿಲು ದಾಟಿ, ಸೀಟಿಗೆ ಹೋಗಿ, ಬೆಲ್ಟ್ ಕಟ್ಟಿಕೊಂಡು, ಅಗತ್ಯ ಬಿದ್ದರೆ ಹೊರಬರಬಲ್ಲರೇ?

ಒಂದು ಕ್ಷಣ ಕೈ ನಿಂತಿತು. ಆಮೇಲೆ 'ಇಲ್ಲ' ಎಂದು ಗುರುತು ಹಾಕಿದೆ. ಪ್ರೀತಿಯಿಂದ ಎಂದುಕೊಂಡೆ. ಜಾಸ್ತಿ ಸಹಾಯ ಸಿಕ್ಕರೆ ನಷ್ಟವೇನು ಎಂದುಕೊಂಡೆ. ಸಂಜೆಗೆ ಉತ್ತರ ಬಂತು: ಇಂಥ ಪ್ರಯಾಣಿಕರನ್ನು ಎತ್ತಲು ಸಮರ್ಥರಾದ ಸಹಾಯಕರೊಬ್ಬರು ಪಕ್ಕದ ಸೀಟಿನಲ್ಲಿ ಇರಲೇಬೇಕು.

"ನೋಡಿದ್ಯಾ? ಕಂಪನಿಯವರಿಗೇ ಬುದ್ಧಿ ಇದೆ" ಎಂದು ಅಮ್ಮ ಗೆದ್ದವಳಂತೆ ಬೀಗಿದಳು. ನನ್ನ ಚೀಲಕ್ಕೆ ಟವೆಲ್ಲು ಹುಡುಕತೊಡಗಿದಳು. ಮೂರನೇ ಸೀಟು ನನ್ನ ಹೆಸರಿಗೆ ಬುಕ್ಕಾಯಿತು.

ಅಕ್ಕನಿಗೆ ಫೋನಿನಲ್ಲಿ ಹೇಳಿದೆ. ಬೈಗುಳಕ್ಕೆ ಕಿವಿ ಸಿದ್ಧ ಮಾಡಿಕೊಂಡಿದ್ದೆ. ಬೈಗುಳ ಬರಲಿಲ್ಲ.

"ಕಂಪನಿಯವರು ಸುಮ್ಸುಮ್ನೆ ಹೇಳಲ್ಲ. ನೀನೇನು ಬರೆದೆ?"

"ಫಾರಂ ತುಂಬಿದೆ..."

"ಏನಂತ?"

ಓದಿ ಹೇಳಿದೆ. ಅವಳು ಹೇಳಿದಳು, "ನನ್ನ ಬಗ್ಗೆ ಕೇಳಿದ ಪ್ರಶ್ನೆಗೆ ನೀನು ಉತ್ತರ ಕೊಟ್ಟೆ. ನನ್ನನ್ನೊಂದು ಮಾತು ಕೇಳ್ಲಿಲ್ಲ." ಫೋನ್ ಇಟ್ಟಳು. ಹಲಗೆಯ ಏಟೇ ವಾಸಿ ಅನ್ನಿಸಿತು.

ಮರುದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ಅವಳು ನಮ್ಮ ಆಫೀಸಿನ ಮುಂದಿದ್ದಳು. ಒಂದು ಸಂಗತಿ ಹೇಳಬೇಕು. ನಮ್ಮ ಆಫೀಸಿನ ಬಾಗಿಲಿಗೂ ನಾಲ್ಕೇ ಮೆಟ್ಟಿಲು. 'ಜಗತ್ತೆಲ್ಲ ಸುತ್ತಿ ಬನ್ನಿ' ಎಂಬ ಬೋರ್ಡಿನ ಕೆಳಗೆ ಐದು ವರ್ಷ ಅವಳು ಬಂದಾಗಲೆಲ್ಲ ಬೀದಿಯಲ್ಲೇ ಕಾಯುತ್ತಿದ್ದಳು, ನಾನೇ ಇಳಿದು ಹೋಗುತ್ತಿದ್ದೆ. ಅವಳು ಒಳಗೆ ಬಂದದ್ದೇ ಇಲ್ಲ. ನನಗದು ವಿಚಿತ್ರವೆನಿಸಿದ್ದೂ ಇಲ್ಲ.

ಅವತ್ತು ಅವಳು ಚಕ್ರಕ್ಕೆ ಬ್ರೇಕು ಹಾಕಿ, ಚರ್ಮದ ಕೈಗವಸು ತೊಟ್ಟು, ಹಲಗೆಯ ಮೇಲಿಂದ ಕೆಳಗಿನ ಮೆಟ್ಟಿಲಿಗೆ ಜಾರಿ, ಬೀದಿಗೆ ಮುಖ ಮಾಡಿ ಕೂತಳು. ನಾನು ಓಡಿಹೋದೆ.

"ಮುಟ್ಟಿದ್ರೆ ಜೋಕೆ!"

ಪಕ್ಕದಲ್ಲಿ ಬಾವ ಜೇಬಿಗೆ ಕೈ ಹಾಕಿಕೊಂಡು ನಿಂತಿದ್ದರು. "ಬಾವ, ನೀವಾದ್ರೂ..." ಎಂದೆ.

"ಕುರ್ಚಿ ಎತ್ತು ಅಂದಿದಾಳೆ, ಎತ್ತೀನಿ. ತನ್ನನ್ನ ಎತ್ತು ಅಂತ ಹೇಳಿಲ್ಲ. ಹೇಳಿದ ದಿನ ನೋಡೋಣ."

ಎರಡೂ ಅಂಗೈ ಹಿಂದಿನ ಮೆಟ್ಟಿಲಿಗೆ ಊರಿ ಮೈಯನ್ನು ಮೇಲಕ್ಕೆತ್ತಿದಳು. ಒಂದು. ಕಾಲುಗಳನ್ನು ಒಂದೊಂದಾಗಿ ಕೈಯಿಂದ ಎಳೆದುಕೊಂಡಳು. ಎರಡು. ಒಳಗಿದ್ದ ಗಿರಾಕಿಗಳು ಬಾಗಿಲಿಗೆ ಬಂದರು. ಮ್ಯಾನೇಜರ್ ಕನ್ನಡಕ ತೆಗೆದು ಒರೆಸಿಕೊಂಡರು. "ಏನ್ರೀ, ನಿಮ್ಮ ಅಕ್ಕ ಅಲ್ವೇನ್ರೀ? ಎತ್ಕೊಂಡು ಬನ್ರೀ!"

"ಸಾರ್," ಅಕ್ಕ ಮೂರನೇ ಮೆಟ್ಟಿಲಿನಿಂದಲೇ ಕತ್ತು ತಿರುಗಿಸಿದಳು, "ನಿಮ್ಮ ಮೆಟ್ಟಿಲನ್ನ ಯಾರಾದ್ರೂ ಎತ್ಕೊಂಡು ಹೋದ್ರೆ ಸಾಕಿತ್ತು."

ನಾಲ್ಕು. ಹೊಸ್ತಿಲು ದಾಟಿ, ನೆಲದ ಮೇಲೆ ಸರಿದು, ಗಿರಾಕಿಗಳ ತಗ್ಗು ಸೋಫಾಕ್ಕೆ ಮೈ ಏರಿಸಿದಳು. ಬಾವ ಕುರ್ಚಿ ತಂದಿಟ್ಟರು. ಹಲಗೆ ಹಾಕಿ ಕುರ್ಚಿಗೆ ಜಾರಿ ನನ್ನ ಮೇಜಿನ ಮುಂದೆ ಬಂದಳು. ಹಣೆಯಲ್ಲಿ ಬೆವರು, ಏದುಸಿರು. ಅದನ್ನು ಅವಳು ಮುಚ್ಚಿಡಲಿಲ್ಲ.

"ಎಷ್ಟು ಹೊತ್ತಾಯ್ತು?"

"ನಾಲ್ಕು ನಿಮಿಷ" ಎಂದರು ಬಾವ.

"ಬರ್ಕೋ. ಆ ಕಂಪನಿಗೆ ಫೋನ್ ಹಚ್ಚಿ ಕೊಡು."

ಫೋನೆತ್ತಿದ ಹೆಂಗಸಿಗೆ ಅಕ್ಕ ಮೊದಲಿಂದ ಹೇಳಿದಳು. "ಫಾರಂ ತುಂಬಿದ್ದು ನಮ್ಮ ತಮ್ಮ. ಅವನು ವಿಮಾನಾನೂ ಹತ್ತಿಲ್ಲ, ನನ್ನ ಕುರ್ಚೀಲೂ ಕೂತಿಲ್ಲ. ಈಗ ನನ್ನನ್ನ ಕೇಳಿ... ಹೌದು, ನಾನೇ ಹತ್ತೀನಿ. ನಾಲ್ಕು ನಿಮಿಷ... ಬೆಲ್ಟಾ? ಕೈ ಚೆನ್ನಾಗಿದೆ ಮೇಡಂ, ಕೂದಲೆಳೆಯಷ್ಟು ಸ್ಪ್ರಿಂಗ್ ಕೂರಿಸ್ತೀನಿ... ಹೊರಗೆ ಬರೋದಾ? ಹತ್ತಿದ್ದಕ್ಕಿಂತ ಬೇಗ ಇಳೀತೀನಿ... ನನ್ನ ಗಂಡ ಇರ್ತಾರೆ. ಸಹಾಯಕ ಅಲ್ಲ, ಗಂಡ."

ಹೊಸ ಫಾರಂ ತುಂಬಿ ಕಳಿಸಿ, ಕೊನೆಯ ತೀರ್ಮಾನ ಮಾತ್ರ ಹತ್ತುವ ಹೊತ್ತಿಗೆ ಪೈಲಟ್ಟರದು ಎಂದು ಆ ಕಡೆಯವರು ಹೇಳಿದರಂತೆ.

"ಅಕ್ಕ, ಅವನು ಆಗಲ್ಲ ಅಂದುಬಿಟ್ರೆ? ನಗರದಲ್ಲೇ ಸಿಕ್ಕಿಹಾಕ್ಕೋತೀಯ. ನಾನಿದ್ರೆ..."

"ಅಂದ್ರೆ ಮೆಟ್ಟಿಲ ಮೇಲೆ ಕೂತಿರ್ತೀನಿ. ವಿಮಾನ ನನ್ನ ಬಿಟ್ಟು ಹೋಗತ್ತೋ, ಮೆಟ್ಟಿಲು ಬಿಟ್ಟು ಹೋಗತ್ತೋ ನೋಡೋಣ. ಈಗ ಆ ಮಾನಿಟರ್ ಈ ಕಡೆ ತಿರುಗಿಸು."

ತಿರುಗಿಸಿದೆ. 'ಹೌದು' ಎಂಬಲ್ಲಿ ಅವಳೇ ಗುರುತು ಹಾಕಿದಳು. ಮೂರನೇ ಸೀಟನ್ನು ನನ್ನ ಕೈಯಿಂದಲೇ ರದ್ದು ಮಾಡಿಸಿದಳು. ಸುಳ್ಳೇಕೆ, ನನಗೆ ಒಂದಿಷ್ಟು ಅಳುವೇ ಬಂತು. ಅವಳಿಗಾಗಿಯೋ, ಕೈತಪ್ಪಿದ ವಿಮಾನಕ್ಕಾಗಿಯೋ ಇಂದಿಗೂ ಹೇಳಲಾರೆ.

ಅಮ್ಮನಿಗೆ ಹೇಳುವ ಕೆಲಸ ನನ್ನದಾಗಿತ್ತು. ಹೇಳಲಿಲ್ಲ. ಹೊರಡುವ ದಿನ ವಿಮಾನ ನಿಲ್ದಾಣದ ಬಾಗಿಲವರೆಗೂ ಅಮ್ಮ ಕಟ್ಟಿಕೊಟ್ಟ ಚೀಲವನ್ನು ಹೆಗಲಿಗೇರಿಸಿಕೊಂಡು ಬಂದ ಮೂರ್ಖ ನಾನು. ಅಕ್ಕ ಆ ಚೀಲವನ್ನು ನೋಡಿದಳು, ನನ್ನನ್ನು ನೋಡಿದಳು, ಅಮ್ಮನ ಕಡೆ ತಿರುಗಿದಳು.

"ಅಮ್ಮಾ, ಇವನು ಬರ್ತಿಲ್ಲ."

"ಹಾಗಂದ್ರೆ? ಯಾರೇ ನಿನ್ನನ್ನ ಎತ್ತೋದು?"

"ಯಾರೂ ಎತ್ತಲ್ಲ. ನಾನೇನು ಪೆಟ್ಟಿಗೆಯಾ? ನಾನು ಹೋಗ್ತೀನಿ, ಅಷ್ಟೇ."

"ಬಿದ್ರೆ?"

"ಬಿದ್ರೆ ಬೀಳ್ತೀನಮ್ಮ. ಮದುವೆಯಾದ ಹೆಂಗಸಿಗೆ ಬೀಳೋ ಹಕ್ಕೂ ಇಲ್ವಾ?"

ಅಮ್ಮ ಬಾವನತ್ತ ತಿರುಗಿದಳು. ಬಾವ ಇದ್ದಬದ್ದ ಧೈರ್ಯ ಒಟ್ಟುಮಾಡಿ, "ನಾನು ಹಿಂದೆ ಇರ್ತೀನಿ ಅತ್ತೆ" ಎಂದರು. ಗಾಜಿನ ಬಾಗಿಲು ಅವರಿಬ್ಬರನ್ನು ಒಳಗೆ ಬಿಟ್ಟುಕೊಂಡು ಮುಚ್ಚಿತು. ಅಮ್ಮನೂ ನಾನೂ ಬಸ್ಸಿನಲ್ಲಿ ವಾಪಸ್ ಬಂದೆವು, ನನ್ನ ಚೀಲ ನಮ್ಮಿಬ್ಬರ ನಡುವಿನ ಸೀಟಿನಲ್ಲಿ ಕೂತಿತ್ತು. ಅಲ್ಲಿಂದ ಮೂರು ದಿನ ಅಮ್ಮ ನನಗೆ ಊಟ ಬಡಿಸಿದ್ದು ಪಾತ್ರೆ ಕುಕ್ಕಿಯೇ.

ನಾಲ್ಕನೇ ದಿನ ದ್ವೀಪದ ವಿಮಾನ. ಭಾನುವಾರ. ಅದು ಹೊರಡುವ ಹೊತ್ತು ದಾಟಿತು. ಒಂದು ಗಂಟೆ ದಾಟಿತು. ಅಮ್ಮ ಫೋನನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಎರಡು ಗಂಟೆಯ ಮೇಲೆ ಅದು ಬಡಿದುಕೊಂಡಿತು. ಅಮ್ಮ ಎತ್ತಿ ನನಗೆ ಚಾಚಿದಳು.

"ಲೋ ಬಾಲ! ಇಳಿದ್ವಿ ಕಣೋ. ಗಾಳಿ, ಅದಕ್ಕೇ ತಡ."

"ಪೈಲಟ್ ಏನಂದ?"

"ನಿಮಗೆ ಸಹಾಯಕ್ಕೆ ಯಾರಿದಾರೆ ಅಂದ. ನಿಮಗ್ಯಾರಿದಾರೆ ಅಂದೆ. ಕೋ-ಪೈಲಟ್ ಅಂದ. ನನಗೂ ಒಬ್ಬರಿದಾರೆ, ಹಿಂದೆ ಕುರ್ಚಿ ಮಡಚ್ತಿದಾರೆ ಅಂದೆ. ನಕ್ಕುಬಿಟ್ಟ. ಐದು ನಿಮಿಷ ಆಯ್ತು, ಮೆಟ್ಟಿಲು ಅಲ್ಲಾಡ್ತಿತ್ತು. ಹತ್ತೊಂಬತ್ತು ಸೀಟಲ್ಲಿ ಒಂದು ಖಾಲಿ ಇತ್ತು ನೋಡು, ನಿಂದೇ ಇರ್ಬೇಕು. ಹಲಗೆ ಕೂರಿಸಿದ್ದೆ."

ಸಂಜೆ ಒಂದು ಫೋಟೊ ಬಂತು. ಮರಳಿನಲ್ಲಿ ಎರಡು ಚಕ್ರದ ಗುರುತು. ಸ್ವಲ್ಪ ದೂರಕ್ಕೆ ಕುರ್ಚಿ, ಅರ್ಧ ಚಕ್ರ ಹೂತು, ಖಾಲಿ. ಅಲ್ಲಿಂದ ನೀರಿನವರೆಗೂ ಯಾರೋ ಕೂತು ಸರಿದ ಅಗಲವಾದ ಒಂದೇ ಗೆರೆ, ಪಕ್ಕದಲ್ಲಿ ಒಂದು ಜೊತೆ ಬರಿಗಾಲಿನ ಹೆಜ್ಜೆ.

ಅಮ್ಮ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು. ಈಗ ಬೈಗುಳ ಶುರುವಾಗುತ್ತದೆ ಎಂದು ನಾನು ಕಾದೆ.

"ಆ ಉಪ್ಪುನೀರಿಗೆ ಚಕ್ರ ತುಕ್ಕು ಹಿಡಿಯತ್ತೆ," ಎಂದಳು. "ಎಣ್ಣೆ ಹಾಕೋಕೆ ಹೇಳು."

ಬರೆದು ಕಳಿಸಿದೆ. ತಕ್ಷಣ ಉತ್ತರ ಬಂತು: "ತಂದಿದೀನಿ. ಗಡಿಯಾರಕ್ಕೆ ಹಾಕೋದು. ಇನ್ನೇನಾದ್ರೂ ಹೇಳೋದಿದ್ರೆ ನಾವು ಬರೋವರೆಗೂ ಇಟ್ಕೊಳ್ಳಿ, ನೀರು ಬೆಚ್ಚಗಿದೆ."